ದೊಡ್ಡ ವಿಮಾನವೆಂದು ಹೆಚ್ಚು ಹಣ ಕೊಟ್ಟು ದೆಹಲಿಯಿಂದ ಬೆಂಗಳೂರಿಗೆ ಟಿಕೆಟ್ ತೆಗೆಸುವವರು ಗಮನಿಸಿ

ಕಳೆದ ನವೆಂಬರ್‌ನಲ್ಲಿ ನನ್ನ ತಂದೆ ತಾಯಿಯನ್ನು ಹರಿದ್ವಾರ ಮತ್ತು ಋಷಿಕೇಶದ ಯಾತ್ರೆಗೆ ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ 73 ವರ್ಷ, ಸಕ್ಕರೆ ಕಾಯಿಲೆಯಿದೆ. ಅಮ್ಮನಿಗೆ 68, ಎರಡೂ ಮಂಡಿಗಳಲ್ಲಿ ನೋವು. ಇಕ್ಕಟ್ಟಾದ ವಿಮಾನದಲ್ಲಿ ಮೂರು ಗಂಟೆ ಕಾಲು ಮಡಚಿಕೊಂಡು ಕೂರುವುದು ಅವರಿಗೆ ತ್ರಾಸವಾಗುತ್ತದೆ ಎಂದುಕೊಂಡು, ಬೆಂಗಳೂರು ಮತ್ತು ದೆಹಲಿಯ ನಡುವೆ ಹೋಗುವುದಕ್ಕೂ ಬರುವುದಕ್ಕೂ ಬೋಯಿಂಗ್ 787 ಎಂಬ ದೊಡ್ಡ ವಿಮಾನವಿರುವ ಸಮಯಗಳನ್ನೇ ಹುಡುಕಿ, ಬೇರೆ ವಿಮಾನಗಳಿಗಿಂತ ಹೆಚ್ಚು ದರ ಕೊಟ್ಟು, ಕಾಲು ಚಾಚಲು ಜಾಗವಿರುವ ಆಸನಗಳಿಗೆ ಪ್ರತ್ಯೇಕವಾಗಿ ಹಣ ಕಟ್ಟಿ ಟಿಕೆಟ್ ತೆಗೆಸಿದೆ. ಎರಡೂ ಪ್ರಯಾಣಗಳಲ್ಲಿ ನಾನು ಹಣ ಕೊಟ್ಟ ಅನುಕೂಲ ಸಿಗಲಿಲ್ಲ. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ವಯಸ್ಸಾದ ಇಬ್ಬರು ಅನುಭವಿಸಿದ ಆಯಾಸ ಇವತ್ತಿಗೂ ನನ್ನನ್ನು ಕಾಡುತ್ತಿದೆ. ಅದೇ ತಪ್ಪನ್ನು ಬೇರೆಯವರು ಮಾಡಬಾರದೆಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಹೋಗುವಾಗಿನ ವಿಷಯ ಚಿಕ್ಕದು. ಹೊರಡುವುದಕ್ಕೆ ಮೂರು ದಿನವಿರುವಾಗ ಮೊಬೈಲಿಗೆ ಒಂದು ಸಂದೇಶ ಬಂತು. ಸಮಯದಲ್ಲಿ ಬದಲಾವಣೆಯಿಲ್ಲ, ಆಸನ ಸಂಖ್ಯೆ ಬದಲಾಗಿದೆ ಎಂದಷ್ಟೇ ಅದರಲ್ಲಿತ್ತು. ತೆರೆದು ನೋಡಿದರೆ ಸುಮಾರು 250 ಆಸನಗಳ 787ರ ಬದಲು 180 ಆಸನಗಳ ಏರ್‌ಬಸ್ 320 ಬಂದಿತ್ತು. ನಾವು ಮೂವರೂ ಹಿಂಭಾಗದ ಬೇರೆ ಬೇರೆ ಸಾಲುಗಳ ನಡುವಿನ ಆಸನಗಳಿಗೆ ಹಂಚಿಹೋಗಿದ್ದೆವು. ಸಹಾಯವಾಣಿಗೆ ಕರೆ ಮಾಡಿದಾಗ, ಯಾವ ವಿಮಾನವನ್ನು ಹಾರಿಸಬೇಕೆಂಬ ನಿರ್ಧಾರ ಕಂಪನಿಯದೇ ಎಂದು ಷರತ್ತುಗಳಲ್ಲಿ ಬರೆದಿರುವುದನ್ನು ಓದಿ ಹೇಳಿದರು. ಅದು ನಿಜ. ನಾವು ಟಿಕೆಟ್ ತೆಗೆಸುವಾಗ ಕೊಳ್ಳುವುದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಕ್ಕನ್ನೇ ಹೊರತು ನಿರ್ದಿಷ್ಟ ವಿಮಾನವನ್ನಲ್ಲ. ಆಸನಕ್ಕೆಂದು ಕಟ್ಟಿದ ಹಣ, ನಾಲ್ಕು ಸಲ ಕೇಳಿದ ಮೇಲೆ, ಏಳು ವಾರಗಳಿಗೆ ವಾಪಸು ಬಂತು.

ತೊಂದರೆಯಾದದ್ದು ಹಿಂದಿರುಗುವಾಗ. ಸಂಜೆ ಏಳೂವರೆಗೆ ದೆಹಲಿಯಿಂದ ಹೊರಡಬೇಕಾಗಿದ್ದ ವಿಮಾನವದು. ನಾಲ್ಕೂವರೆಗೇ ನಿಲ್ದಾಣ ತಲುಪಿದ್ದೆವು. ಒಳನಾಡಿನ ಪ್ರಯಾಣಿಕರ ಸಾಲಿನಲ್ಲಿ ಅರ್ಧ ಗಂಟೆ ನಿಂತು ಕೌಂಟರ್ ಮುಟ್ಟಿದಾಗ, ಈ ವಿಮಾನದ ಕೌಂಟರ್ ಇಲ್ಲಲ್ಲ, ಅಂತಾರಾಷ್ಟ್ರೀಯ ಭಾಗಕ್ಕೆ ಹೋಗಿ ಎಂದರು. ಅಲ್ಲಿನ ಸಾಲಿನಲ್ಲಿ ನಮ್ಮ ಸರದಿ ಬಂದಾಗ ಕೌಂಟರಿನವರು ಮೊದಲು ಕೇಳಿದ್ದು ಪಾಸ್‌ಪೋರ್ಟ್. ಅಪ್ಪ ಅಮ್ಮ ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. "ನಾವು ಬೆಂಗಳೂರಿಗೆ ತಾನೇ ಹೋಗುತ್ತಿರುವುದು?" ಎಂದು ಅಪ್ಪ ನನ್ನ ತೋಳು ಹಿಡಿದು ಮೂರು ಸಲ ಕೇಳಿದರು. ಆಧಾರ್ ಚೀಟಿ ಸಾಕೆಂದು ಆಮೇಲೆ ಒಪ್ಪಿಕೊಂಡು, ಬೋರ್ಡಿಂಗ್ ಪಾಸಿನ ಮೇಲೆ 'ಡಿ' ಎಂಬ ಅಕ್ಷರದ ಗುರುತು ಹಾಕಿಕೊಟ್ಟರು. ನಾವು ಹತ್ತಲಿದ್ದದ್ದು ಯೂರೋಪಿನಿಂದ ದೆಹಲಿಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಮುಂದುವರಿಯುವ ವಿಮಾನ ಎಂಬುದು ನನಗೆ ಗೊತ್ತಾದದ್ದು ಆಗ. ವಿದೇಶದಿಂದ ಬಂದವರೂ ನಮ್ಮಂಥ ಒಳನಾಡಿನವರೂ ಒಂದೇ ವಿಮಾನದಲ್ಲಿ ಕೂರುವುದರಿಂದ ನಮ್ಮನ್ನು ಪ್ರತ್ಯೇಕವಾಗಿ ಗುರುತಿಸಲು ಆ 'ಡಿ', ಅಂದರೆ ಡೊಮೆಸ್ಟಿಕ್ (ಒಳನಾಡಿನವರು).

ಭದ್ರತಾ ತಪಾಸಣೆಯಲ್ಲಿ ಅಂತಾರಾಷ್ಟ್ರೀಯ ಪ್ರಯಾಣದ ನಿಯಮವೇ ನಮಗೂ ಅನ್ವಯವಾಯಿತು. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಯಾವ ದ್ರವವೂ ಇರುವಂತಿಲ್ಲ. ಅಮ್ಮನ ಚೀಲದಲ್ಲಿ ಹರಿದ್ವಾರದ ಹರ್ ಕೀ ಪೌಡಿ ಸ್ನಾನಘಟ್ಟದಲ್ಲಿ ಮಾರುವ ಬಿಳಿ ಪ್ಲಾಸ್ಟಿಕ್ಕಿನ ಒಂದು ಲೀಟರಿನ ಕ್ಯಾನ್ ಇತ್ತು. ಬೆಳಗಿನ ಜಾವದ ಚಳಿಯಲ್ಲಿ, ಸರಪಳಿ ಹಿಡಿದುಕೊಂಡು ಮೆಟ್ಟಿಲಿಳಿದು, ಅವರೇ ತಮ್ಮ ಕೈಯಿಂದ ತುಂಬಿದ ಗಂಗಾಜಲ. ಊರಿಗೆ ಬಂದ ಮೇಲೆ ಗಂಗಾ ಸಮಾರಾಧನೆಗೆಂದು ಮುಚ್ಚಳಕ್ಕೆ ಅರಿಶಿನದ ದಾರ ಸುತ್ತಿ, ಪೆಟ್ಟಿಗೆಯಲ್ಲಿಟ್ಟರೆ ಯಾರದೋ ಸಾಮಾನಿನ ಕೆಳಗೆ ಸಿಕ್ಕಿ ಮೈಲಿಗೆಯಾಗುತ್ತದೆಂದು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಹಿಂದೊಮ್ಮೆ ಕಾಶಿಯಿಂದ ಬರುವಾಗ ಇಂಥದೇ ಕ್ಯಾನನ್ನು ಸಾಮಾನ್ಯ ಒಳನಾಡಿನ ವಿಮಾನದಲ್ಲಿ ಕೈಯಲ್ಲೇ ತಂದಿದ್ದೆವು, ಯಾರೂ ತಡೆದಿರಲಿಲ್ಲ. ಈ ಸಲ ತಡೆದರು. "ನೀರೇ ಕಣಪ್ಪಾ, ಬೇಕಾದರೆ ಒಂದು ಗುಟುಕು ಕುಡಿದು ತೋರಿಸುತ್ತೇನೆ ಎಂದು ಹೇಳು" ಎಂದರು ಅಮ್ಮ. ಹೇಳಿದೆ. ತಪಾಸಣೆ ಮಾಡುತ್ತಿದ್ದ ಹೆಣ್ಣುಮಗಳು ಕೈಮುಗಿದು, ನಿಯಮ ಹೀಗಿದೆ ಎಂದಳು. ಅವಳ ತಪ್ಪೇನೂ ಇಲ್ಲ. ಪೆಟ್ಟಿಗೆಗಳು ಆಗಲೇ ಒಳಗೆ ಹೋಗಿದ್ದವು. ಕ್ಯಾನನ್ನು ಅಲ್ಲಿನ ತೊಟ್ಟಿಯೊಳಗೆ ಎಸೆಯಲು ಮನಸ್ಸು ಬಾರದೆ, ಅಮ್ಮ ಅದನ್ನು ತೊಟ್ಟಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ದಾರವನ್ನು ಮಾತ್ರ ಬಿಚ್ಚಿಕೊಂಡು ಬಂದರು.

ನಂತರ ಕಾಯುವ ಸರದಿ. ಕಂಪನಿಯ ಆ್ಯಪ್‌ನಲ್ಲಿ ಆರು ಗಂಟೆಯವರೆಗೂ 'ಸಮಯಕ್ಕೆ ಸರಿಯಾಗಿ' ಎಂದೇ ಇತ್ತು. ವಿಮಾನಗಳ ಚಲನೆಯನ್ನು ತೋರಿಸುವ ಫ್ಲೈಟ್‌ರಾಡಾರ್24 ತಾಣವನ್ನು ಬೆಂಗಳೂರಿನಲ್ಲಿದ್ದ ನನ್ನ ಸೋದರಳಿಯ ತೆರೆದು ನೋಡಿ, "ಮಾವ, ನೀವು ಹತ್ತಬೇಕಾದ ವಿಮಾನ ಇನ್ನೂ ದೆಹಲಿಯಿಂದ ನಾಲ್ಕು ಗಂಟೆಯ ದೂರದಲ್ಲಿ ಆಕಾಶದಲ್ಲಿದೆ" ಎಂದ. ಬೇರೆ ದೇಶದ ನಿಲ್ದಾಣದಲ್ಲಿ ಅದು ತಡವಾಗಿ ಹೊರಟಿದ್ದರ ಫಲವನ್ನು ನಾವಿಲ್ಲಿ ಕುಳಿತು ಉಣ್ಣುತ್ತಿದ್ದೆವು. ಏಳೂವರೆಯ ವಿಮಾನ ಹತ್ತಾಯಿತು, ಹನ್ನೊಂದಾಯಿತು, ಕೊನೆಗೆ ಹೊರಟದ್ದು ಹನ್ನೆರಡೂವರೆಗೆ. ಅಪ್ಪನಿಗೆ ಎಂಟು ಗಂಟೆಗೆ ಊಟ ಮಾಡಿ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸ. ಅಲ್ಲಿ ಸಿಕ್ಕಿದ್ದರಲ್ಲಿ ಅವರು ತಿನ್ನಬಹುದಾದದ್ದು ಎರಡು ಇಡ್ಲಿ ಮಾತ್ರ.

ಇಲ್ಲಿ ಒಂದು ನಿಯಮವನ್ನು ಎಲ್ಲರೂ ತಿಳಿದಿರಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಎರಡೂವರೆ ಗಂಟೆಯವರೆಗಿನ ಪ್ರಯಾಣವಾದರೆ ವಿಮಾನ ಎರಡು ಗಂಟೆ ತಡವಾದಾಗ, ಎರಡೂವರೆಯಿಂದ ಐದು ಗಂಟೆಯೊಳಗಿನ ಪ್ರಯಾಣವಾದರೆ ಮೂರು ಗಂಟೆ ತಡವಾದಾಗ, ಕಾಯುತ್ತಿರುವ ಪ್ರಯಾಣಿಕರಿಗೆ ಕಂಪನಿಯೇ ಊಟ ಉಪಾಹಾರ ಒದಗಿಸಬೇಕು. ದೆಹಲಿ–ಬೆಂಗಳೂರು ಈ ಎರಡನೆಯ ವರ್ಗಕ್ಕೆ ಸೇರುತ್ತದೆ. ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನವನ್ನೋ ಪೂರ್ತಿ ಹಣವನ್ನೋ ಕೇಳುವ ಹಕ್ಕು ನಮಗಿದೆ. ರಾತ್ರಿ ಎಂಟರಿಂದ ಬೆಳಗಿನ ಜಾವ ಮೂರರ ನಡುವೆ ಹೊರಡಬೇಕಾದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಉಳಿದುಕೊಳ್ಳಲು ಹೋಟೆಲ್ ವ್ಯವಸ್ಥೆಯನ್ನೂ ಮಾಡಬೇಕು. ನಮ್ಮ ಸಾಲಿನಲ್ಲಿದ್ದ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ, ಕೌಂಟರಿನವರು ತಾವಾಗಿ ಹೇಳಲೂ ಇಲ್ಲ. ಹತ್ತೂವರೆಗೆ ನಾನು ನಿಯಮವನ್ನು ಮೊಬೈಲಿನಲ್ಲಿ ತೆರೆದು ತೋರಿಸಿದ ಮೇಲೆ ಸ್ಯಾಂಡ್‌ವಿಚ್ ಮತ್ತು ಹಣ್ಣಿನ ರಸದ ಪೊಟ್ಟಣಗಳು ಬಂದವು. ಸಕ್ಕರೆ ಕಾಯಿಲೆಯವರಿಗೆ ಆ ರಸದಿಂದ ಪ್ರಯೋಜನವಿಲ್ಲ. ಹಿರಿಯರೊಡನೆ ಹೋಗುವವರು ಒಂದು ಹೊತ್ತಿನ ಚಪಾತಿಯನ್ನಾದರೂ ಕಟ್ಟಿಕೊಂಡು ಹೋಗಿ. ಗಟ್ಟಿ ತಿನಿಸಿಗೆ ನಮ್ಮನ್ನು ಯಾರೂ ಅಡ್ಡಿಪಡಿಸಲಿಲ್ಲ.

ವಿಮಾನದೊಳಗಿನ ಅನುಕೂಲದ ಬಗ್ಗೆಯೂ ನಾನು ತಪ್ಪು ತಿಳಿದಿದ್ದೆ. ಹೊರಗಿನಿಂದ ವಿಮಾನ ಅಗಲವಾಗಿದೆಯೆಂದರೆ ನಮ್ಮ ಆಸನವೂ ಅಗಲವಾಗಿರುತ್ತದೆ ಎಂದೇನಿಲ್ಲ. 787ರ ಸಾಮಾನ್ಯ ದರ್ಜೆಯಲ್ಲಿ ಒಂದು ಸಾಲಿಗೆ ಮೂರು, ಮೂರು, ಮೂರರಂತೆ ಒಂಬತ್ತು ಆಸನಗಳನ್ನು ಕೂರಿಸಿದಾಗ ಒಂದೊಂದರ ಅಗಲ ಸುಮಾರು 17 ಇಂಚು. ಏರ್‌ಬಸ್ 320ರಲ್ಲಿ ಅದು ಸುಮಾರು 18 ಇಂಚು. ಕಿಟಕಿ ದೊಡ್ಡದು, ಒಳಗಿನ ಗಾಳಿಯ ಒತ್ತಡವನ್ನು 6,000 ಅಡಿ ಎತ್ತರದಲ್ಲಿರುವಷ್ಟು ಮಟ್ಟಕ್ಕೆ ಇಟ್ಟಿರುವುದರಿಂದ ದೂರದ ಪ್ರಯಾಣದಲ್ಲಿ ದಣಿವು ಕಡಿಮೆ, ಇದೆಲ್ಲ ನಿಜ. ಆದರೆ ಮೂರು ಗಂಟೆಯ ಪ್ರಯಾಣದಲ್ಲಿ ಅಮ್ಮನ ಮಂಡಿಗೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೇ.

ಬೆಂಗಳೂರಿನಲ್ಲಿ ಇಳಿದಾಗ ಬೆಳಗಿನ ಜಾವ ಮೂರೂಕಾಲು. ನಾವು ಇಳಿದದ್ದು ವಿದೇಶದಿಂದ ಬರುವವರ ಭಾಗದಲ್ಲಿ. ನಮ್ಮ ಮೂರು ಪೆಟ್ಟಿಗೆಗಳು ವಿದೇಶದಿಂದ ಬಂದವರ ನೂರಾರು ಪೆಟ್ಟಿಗೆಗಳ ಜೊತೆ ಒಂದೇ ಬೆಲ್ಟಿನ ಮೇಲೆ ಬಂದವು. ಮುಕ್ಕಾಲು ಗಂಟೆ ಅದಕ್ಕೇ ಆಯಿತು. ಅಲ್ಲಿಂದ ಸುಂಕದ ಅಧಿಕಾರಿಗಳ ತಪಾಸಣೆ. ಅಮ್ಮನ ಕೈಯಲ್ಲಿ ನಾಲ್ಕು ಚಿನ್ನದ ಬಳೆ, ಕೊರಳಲ್ಲಿ ಮಾಂಗಲ್ಯದ ಸರ. ಅವು ಎಲ್ಲಿಂದ ತಂದವು, ನೀವು ಎಲ್ಲಿ ವಿಮಾನ ಹತ್ತಿದಿರಿ ಎಂದು ಕೇಳಿದರು. 'ಡಿ' ಗುರುತಿನ ಬೋರ್ಡಿಂಗ್ ಪಾಸಿನ ತುಂಡು ಅಪ್ಪನ ಅಂಗಿಯ ಜೇಬಿನಲ್ಲಿ ಮುದುಡಿಹೋಗಿತ್ತು. ಅದನ್ನು ಹುಡುಕಿ ತೆಗೆದು ತೋರಿಸುವವರೆಗೂ ಮೂವರೂ ಪಕ್ಕಕ್ಕೆ ನಿಲ್ಲಬೇಕಾಯಿತು. ವಿಚಾರಿಸಿದ ಅಧಿಕಾರಿ ಸಭ್ಯರಾಗಿಯೇ ಮಾತನಾಡಿಸಿದರು, ಅವರು ವಿಚಾರಿಸಲು ಕಾರಣವೂ ಇದೆ. ವಿದೇಶದಿಂದ ಬರುವ ಕಳ್ಳಸಾಗಣೆದಾರ ಚಿನ್ನವನ್ನು ಆಸನದ ಕೆಳಗೋ ಶೌಚಾಲಯದಲ್ಲೋ ಅಡಗಿಸಿಟ್ಟು ಇಳಿದುಹೋಗುವುದು, ಮುಂದಿನ ಒಳನಾಡಿನ ಹಂತದಲ್ಲಿ ಹತ್ತುವ ಅವನ ಜೊತೆಗಾರ ಅದನ್ನು ತೆಗೆದುಕೊಂಡು ಸುಂಕದವರ ಕಣ್ಣಿಗೆ ಬೀಳದೆ ಹೊರಹೋಗುವುದು ಹಳೆಯ ತಂತ್ರ. ಅದಕ್ಕಾಗಿಯೇ 'ಡಿ' ಪ್ರಯಾಣಿಕರನ್ನೂ ತಪಾಸಿಸುತ್ತಾರೆ. ಆದರೆ ನಲವತ್ತು ವರ್ಷಗಳಿಂದ ಕೈಯಲ್ಲಿರುವ ಬಳೆಗಳಿಗೆ ಬೆಳಗಿನ ಜಾವ ನಾಲ್ಕು ಗಂಟೆಗೆ ಲೆಕ್ಕ ಹೇಳಬೇಕಾಗಿ ಬಂದದ್ದು ಅಮ್ಮನಿಗೆ ಬಹಳ ನೋವು ಕೊಟ್ಟಿತು. ಇತ್ತ ನಮ್ಮ ಭಾವ, ದೆಹಲಿಯ ವಿಮಾನ ತಾನೇ ಎಂದು ಒಂದನೇ ಟರ್ಮಿನಲ್ಲಿನ ಮುಂದೆ ಕಾರಿನಲ್ಲಿ ಕಾಯುತ್ತಿದ್ದರು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಹೋಗಿವೆ. ಅವರು ಬಂದು ಸೇರುವಷ್ಟರಲ್ಲಿ ಬೆಳಕು ಹರಿಯುವ ಹೊತ್ತಾಗಿತ್ತು.

ಮನೆಗೆ ಬಂದ ಮೇಲೆ ವಿಷಯವನ್ನು ಓದಿ ತಿಳಿದುಕೊಂಡೆ. ದೊಡ್ಡ ವಿಮಾನದಲ್ಲೇ ದೋಷವಿದೆಯೆಂದು ನಾನು ಹೇಳುತ್ತಿಲ್ಲ. ಜಪಾನಿನಲ್ಲಿ ಒಳನಾಡಿನ ಪ್ರಯಾಣಕ್ಕೆ ದಶಕಗಳಿಂದ ದೊಡ್ಡ ವಿಮಾನಗಳೇ ಓಡಾಡುತ್ತಿವೆ. 1973ರಲ್ಲೇ ಅಲ್ಲಿನ ಕಡಿಮೆ ದೂರದ ಮಾರ್ಗಗಳಿಗೆಂದು, ದಿನಕ್ಕೆ ಹಲವು ಸಲ ಏರಿಳಿಯುವುದನ್ನು ತಾಳುವಂತೆ ಬಲಪಡಿಸಿದ 747 ವಿಮಾನವನ್ನು ಬೋಯಿಂಗ್ ಮಾಡಿಕೊಟ್ಟಿತ್ತು. ಆ 747ಗಳು ಈಗಿಲ್ಲವಾದರೂ, ಅಲ್ಲಿ ಕೆಲವು ದೊಡ್ಡ ವಿಮಾನಗಳನ್ನು ಒಳನಾಡಿನ ಕೆಲಸಕ್ಕೇ ಮೀಸಲಿಟ್ಟಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ನಮ್ಮ ಒಳನಾಡಿನ ಮಾರ್ಗದಲ್ಲಿ ಕಾಣುವ ದೊಡ್ಡ ವಿಮಾನ ಸಾಮಾನ್ಯವಾಗಿ ವಿದೇಶ ಪ್ರಯಾಣಕ್ಕೆ ಸೇರಿದ್ದು. ಎರಡು ವಿದೇಶ ಪ್ರಯಾಣಗಳ ನಡುವಿನ ಬಿಡುವನ್ನು ತುಂಬಲು, ಇನ್ನೊಂದು ಊರಿನಿಂದ ಹೊರಡುವ ವಿದೇಶ ಪ್ರಯಾಣಕ್ಕೆ ಅದನ್ನು ಅಲ್ಲಿಗೆ ತಲುಪಿಸಲು, ಇಲ್ಲವೇ ಹೊಸ ಮಾದರಿಯನ್ನು ಪೈಲಟ್‌ಗಳಿಗೂ ಸಿಬ್ಬಂದಿಗೂ ರೂಢಿ ಮಾಡಿಸಲು ಅದನ್ನು ನಮ್ಮ ಮಾರ್ಗಕ್ಕೆ ಹಾಕುತ್ತಾರೆ. 2024ರ ಜನವರಿಯಲ್ಲಿ ಏರ್‌ಬಸ್ 350 ನಮ್ಮ ದೇಶದಲ್ಲಿ ಮೊದಲು ಬೆಂಗಳೂರು–ಮುಂಬೈ ನಡುವೆ ಹಾರಿದ್ದು ಈ ಕೊನೆಯ ಕಾರಣಕ್ಕೇ. ವಿದೇಶ ಪ್ರಯಾಣಕ್ಕೆ ಆ ವಿಮಾನ ಬೇಕಾದಾಗ ನಮ್ಮ ಮಾರ್ಗದಿಂದ ತೆಗೆದುಕೊಳ್ಳುತ್ತಾರೆ, ವಿದೇಶದಲ್ಲಿ ಅದು ತಡವಾದರೆ ನಾವೂ ಕಾಯುತ್ತೇವೆ.

ಆದ್ದರಿಂದ ಟಿಕೆಟ್ ತೆಗೆಸುವಾಗ 787, 777, 350 ಎಂಬ ದೊಡ್ಡ ವಿಮಾನದ ಮಾದರಿ ಕಂಡರೆ ಹಣ ಕಟ್ಟುವ ಮುನ್ನ ಆ ಪ್ರಯಾಣದ ಸಂಖ್ಯೆಯನ್ನು (ಫ್ಲೈಟ್ ನಂಬರ್) ವಿಮಾನಗಳ ಚಲನೆ ತೋರಿಸುವ ತಾಣದಲ್ಲಿ ಹಾಕಿ, ಹಿಂದಿನ ವಾರದ ಪ್ರತಿ ದಿನವೂ ಅದು ಎಲ್ಲಿಂದ ಬಂತು, ಎಷ್ಟು ಹೊತ್ತಿಗೆ ಹೊರಟಿತು, ನಿಜವಾಗಿ ಯಾವ ಮಾದರಿ ಹಾರಿತು ಎಂದು ನೋಡಿ. ಅದೇ ಸಂಖ್ಯೆಯ ವಿಮಾನ ವಿದೇಶದ ಊರಿನಿಂದ ಬರುತ್ತಿದ್ದರೆ, ಅಥವಾ ಇಲ್ಲಿಂದ ವಿದೇಶಕ್ಕೆ ಮುಂದುವರಿಯುತ್ತಿದ್ದರೆ, ನೀವು 'ಡಿ' ಪ್ರಯಾಣಿಕರಾಗುವ ಸಂಭವವಿದೆ. ಕರೆ ಮಾಡಿ ಕೇಳಿಕೊಳ್ಳಿ. ಹಾಗಿದ್ದೂ ಅದರಲ್ಲೇ ಹೋಗಬೇಕಾಗಿ ಬಂದರೆ ಒಂದು ಗಂಟೆ ಮುಂಚಿತವಾಗಿ ಹೋಗಿ, ಬೋರ್ಡಿಂಗ್ ಪಾಸಿನ ತುಂಡನ್ನು ನಿಲ್ದಾಣದಿಂದ ಹೊರಗೆ ಬರುವವರೆಗೂ ಕೈಯಲ್ಲೇ ಇಟ್ಟುಕೊಳ್ಳಿ, ಕರೆದೊಯ್ಯಲು ಬರುವವರಿಗೆ ಟರ್ಮಿನಲ್ ಯಾವುದೆಂದು ಮೊದಲೇ ತಿಳಿಸಿ. ಮೇಲಿನ ದರ್ಜೆಗೆ ಹಣ ಕೊಟ್ಟಿದ್ದು, ವಿಮಾನ ಬದಲಾಗಿ ನಿಮ್ಮನ್ನು ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ, 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಒಳನಾಡಿನ ಪ್ರಯಾಣಕ್ಕೆ ತೆರಿಗೆಯೂ ಸೇರಿದಂತೆ ಟಿಕೆಟ್ಟಿನ ಶೇ. 75ರಷ್ಟು ಹಣವನ್ನು ಹಿಂದಿರುಗಿಸಬೇಕು. ಕೇಳದೆ ಬಿಡಬೇಡಿ. ಕಂಪನಿ ಉತ್ತರಿಸದಿದ್ದರೆ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಬಹುದು. ನನ್ನ ಆಸನದ ಹಣ ಬಂದದ್ದು ಅಲ್ಲಿ ದೂರು ಕೊಟ್ಟ ಮೇಲೆಯೇ.

ಗಂಗಾ ಸಮಾರಾಧನೆ ನಡೆಯಿತು. ಪಕ್ಕದ ಮನೆಯವರು ಹಿಂದಿನ ವರ್ಷ ಕಾಶಿಯಿಂದ ತಂದು ದೇವರ ಮನೆಯಲ್ಲಿಟ್ಟಿದ್ದ ಮೊಹರಾದ ತಾಮ್ರದ ಗಿಂಡಿಯನ್ನು ತಾವಾಗಿಯೇ ತಂದುಕೊಟ್ಟರು. ಅಮ್ಮ ದೆಹಲಿಯಲ್ಲಿ ಬಿಚ್ಚಿಕೊಂಡು ಬಂದಿದ್ದ ಅರಿಶಿನದ ದಾರವನ್ನು ಅದಕ್ಕೇ ಕಟ್ಟಿ ಪೂಜೆ ಮಾಡಿದರು. ಮುಂದಿನ ತಿಂಗಳು ಚಿಕ್ಕಮ್ಮ, ಚಿಕ್ಕಪ್ಪ ಹರಿದ್ವಾರಕ್ಕೆ ಹೊರಟಿದ್ದಾರೆ. ಅವರಿಗೆ ಒಳನಾಡಿನಲ್ಲೇ ಓಡಾಡುವ ಏರ್‌ಬಸ್ 321ರಲ್ಲಿ, ಬೆಳಗಿನ ಮೊದಲ ಪ್ರಯಾಣಕ್ಕೆ ಟಿಕೆಟ್ ತೆಗೆಸಿದ್ದೇನೆ. ಗಂಗಾಜಲದ ಕ್ಯಾನನ್ನು ಹೊಸ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯ ಬಟ್ಟೆಗಳ ನಡುವೆ ಇಟ್ಟು ಕಳಿಸಿದರೆ ಮೈಲಿಗೆಯಿಲ್ಲ ಎಂದು ಅಮ್ಮನೇ ಅವರಿಗೆ ಹೇಳಿದ್ದಾರೆ.