ಕ್ಯಾಲ್ ಸೀಸನ್ ಟಿಕೆಟ್ ರಿವ್ಯೂ: ಆಟಕ್ಕೆ ನಾಲ್ಕು ಸ್ಟಾರ್, ಎಸಿಸಿ ಶೆಡ್ಯೂಲಿಗೆ ಒಂದೇ

ಬರ್ಕ್‌ಲಿಯಲ್ಲಿ ಕ್ಯಾಲ್ (ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬರ್ಕ್‌ಲಿ) ಟೀಮಿನ ಅಮೆರಿಕನ್ ಫುಟ್‌ಬಾಲ್ ಸೀಸನ್ ಟಿಕೆಟ್ ತಗೋಬಹುದಾ ಅಂತ ಬೇ ಏರಿಯಾಗೆ ಹೊಸದಾಗಿ ಬಂದಿರೋ ಕನ್ನಡದವರು ಕೇಳ್ತಾನೇ ಇರ್ತಾರೆ, ಮಕ್ಕಳು ಅಲ್ಲೇ ಓದ್ತಿದ್ರಂತೂ ಇನ್ನೂ ಜಾಸ್ತಿ. 2025ರ ಸೀಸನ್ ನೋಡಿದ ಮೇಲೆ ನನ್ನ ಉತ್ತರ ಇಷ್ಟು. ಸ್ಟೇಡಿಯಂ, ಆಟ, ಸುತ್ತ ಕೂತಿರೋ ಜನ, ಮೂರೂ ಚೆನ್ನಾಗಿದೆ, ಧಾರಾಳವಾಗಿ ಹೋಗಿ. ಆದ್ರೆ ಆ ಟಿಕೆಟ್ ಜೊತೆಗೆ ಎಸಿಸಿ ಅನ್ನೋ ಕಾನ್ಫರೆನ್ಸಿನ, ಅಂದ್ರೆ ಕಾಲೇಜು ಲೀಗಿನ, ಟೇಬಲ್ಲೂ ನಿಮ್ಮ ಪಾಲಿಗೆ ಬರುತ್ತೆ, ಆ ಟೇಬಲ್ ನೋಡಿ ಯಾರು ಮೇಲೆ ಯಾರು ಕೆಳಗೆ ಅಂತ ಹೇಳೋಕೇ ಆಗಲ್ಲ, ಅದೇ ನನ್ನ ದೊಡ್ಡ ತಕರಾರು.

ಮೊದಲು ಸ್ಟೇಡಿಯಂ ವಿಷಯ ಬೇಗ ಮುಗಿಸ್ತೀನಿ. ಮೆಮೋರಿಯಲ್ ಸ್ಟೇಡಿಯಂ 1923ರದ್ದು, ಗುಡ್ಡಕ್ಕೆ ಒರಗಿಕೊಂಡ ಹಾಗಿದೆ, ಹೇವರ್ಡ್ ಫಾಲ್ಟ್ ಅನ್ನೋ ಭೂಕಂಪದ ಬಿರುಕು ಅದರ ಅಡಿಯಲ್ಲೇ ಹಾದು ಹೋಗುತ್ತೆ. ಡೌನ್‌ಟೌನ್ ಬರ್ಕ್‌ಲಿ ಬಾರ್ಟ್ ಸ್ಟೇಷನ್ನಲ್ಲಿ ಇಳಿದು ಕ್ಯಾಂಪಸ್ ಒಳಗಿಂದ ನಡ್ಕೊಂಡು ಹೋಗಿ, ಏರು ದಾರಿ, ವಯಸ್ಸಾದವರು ಜೊತೆಗಿದ್ರೆ ಸ್ವಲ್ಪ ಮುಂಚೆ ಹೊರಡಿ, ಕಾರ್ ತಗೊಂಡು ಹೋಗೋ ಯೋಚನೆ ಬೇಡ. ಪೂರ್ವದ ಕಡೆ ಮೇಲಿನ ಸಾಲಲ್ಲಿ ಕೂತ್ರೆ ಬೇ ಕಾಣುತ್ತೆ, ಮಧ್ಯಾಹ್ನದ ಮ್ಯಾಚಾದ್ರೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತೆ, ರಾತ್ರಿ ಮ್ಯಾಚಾದ್ರೆ ಜಾಕೆಟ್ ಬೇಕೇ ಬೇಕು. ಕ್ಯಾಲ್ ಸ್ಕೋರ್ ಮಾಡಿದಾಗೆಲ್ಲ ಟೈಟ್‌ವಾಡ್ ಹಿಲ್ ಮೇಲಿಂದ ಫಿರಂಗಿ ಹಾರಿಸ್ತಾರೆ, ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿಡಿ, ಗಾಬರಿ ಆಗ್ತಾರೆ.

ಆಟನೂ ಅಷ್ಟೇ ಚೆನ್ನಾಗಿತ್ತು. ಮಿನ್ನೆಸೋಟಾನ 27-14ರಲ್ಲಿ ಸೋಲಿಸಿದ್ರು, ನಾರ್ತ್ ಕೆರೊಲಿನಾ ಮೇಲೆ 21-18, ಇನ್ನು ನವೆಂಬರ್ 29ಕ್ಕೆ ಎಸ್ಎಂಯು (ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ) ಮೇಲೆ 38-35 ಗೆದ್ದ ಮ್ಯಾಚಂತೂ ಇಡೀ ಸೀಸನ್ನಿನ ದುಡ್ಡು ವಸೂಲಿ. ಮುಂದೆ ಹೇಳೋ ಗೋಜಲೆಲ್ಲ ಆ ಮ್ಯಾಚಿಂದಲೇ ಶುರುವಾಗಿದ್ದು.

ಗೊತ್ತಿಲ್ಲದವರಿಗೆ ಒಂದು ಮಾತು. ಕಾನ್ಫರೆನ್ಸ್ ಅಂದ್ರೆ ಇಲ್ಲಿನ ಕಾಲೇಜುಗಳು ಸೇರಿ ಮಾಡ್ಕೊಂಡಿರೋ ಲೀಗು. ಎಸಿಸಿ ಅಂದ್ರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಆಫೀಸ್ ಇರೋದು ಷಾರ್ಲೆಟ್‌ನಲ್ಲಿ, ಮೆಂಬರ್‌ಗಳಲ್ಲಿ ಹೆಚ್ಚಿನವರು ಪೂರ್ವ ಕರಾವಳಿಯವರು. ಕ್ಯಾಲ್ ಮತ್ತೆ ಸ್ಟ್ಯಾನ್‌ಫರ್ಡ್ ಇರೋದು ಪೆಸಿಫಿಕ್ ಕಡೆ. ಇವರು ಅಲ್ಲಿಗೆ ಹೋಗಿ ಸೇರಿದ್ದು ಇಷ್ಟಪಟ್ಟಲ್ಲ. ಮೊದಲು ಇವರಿದ್ದದ್ದು ಪಶ್ಚಿಮದ ಪ್ಯಾಕ್-12 ಅನ್ನೋ ಲೀಗಲ್ಲಿ. 2022ರ ಜೂನ್ 30ಕ್ಕೆ ಅಲ್ಲಿದ್ದ ಯುಎಸ್‌ಸಿ, ಯುಸಿಎಲ್ಎ ಎರಡೂ ಬಿಗ್ ಟೆನ್ ಅನ್ನೋ ಬೇರೆ ಲೀಗಿಗೆ ಹೋಗ್ತೀವಿ ಅಂದ್ರು, ಮುಂದಿನ ವರ್ಷ ಕೊಲೊರಾಡೊ ಬಿಗ್ 12 ಅನ್ನೋ ಇನ್ನೊಂದು ಲೀಗಿಗೆ ಹೊರಟಿತು, ಆಗಸ್ಟ್ 4ರ ಒಂದೇ ದಿನ ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೂ ಆರಿಜೋನಾ, ಆರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೂ ಹೋದ್ವು. 1915ರಲ್ಲಿ ಶುರುವಾದ ಪ್ಯಾಕ್-12 ಪರಂಪರೆಯಲ್ಲಿ ಉಳಿದಿದ್ದು ನಾಲ್ಕೇ ಕಾಲೇಜು. ಆಮೇಲೆ ಸೆಪ್ಟೆಂಬರ್ 1ಕ್ಕೆ ಎಸಿಸಿಯವರು ಓಟ್ ಹಾಕಿ ಕ್ಯಾಲ್, ಸ್ಟ್ಯಾನ್‌ಫರ್ಡ್ ಜೊತೆಗೆ ಡಲ್ಲಾಸಿನ ಎಸ್ಎಂಯುನೂ ಸೇರಿಸ್ಕೊಂಡ್ರು. ಅದೂ ಸಮಪಾಲಿಗಲ್ಲ. ಕ್ಯಾಲ್, ಸ್ಟ್ಯಾನ್‌ಫರ್ಡ್‌ಗೆ ಮೊದಲ ಏಳು ವರ್ಷ ಟಿವಿ ದುಡ್ಡಲ್ಲಿ 30 ಪರ್ಸೆಂಟ್ ಪಾಲು ಮಾತ್ರ, ಎಸ್ಎಂಯು ಒಂಬತ್ತು ವರ್ಷ ಟಿವಿ ದುಡ್ಡೇ ಬೇಡ ಅಂತ ಒಪ್ಕೊಂಡು ಬಂತು. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಮಾತ್ರ ಎಲ್ಲೂ ಜಾಗ ಸಿಗದೆ ಇಬ್ಬರೇ ಉಳ್ಕೊಂಡ್ರು. ಅವರು ಆಟದಲ್ಲಿ ಸೋತು ಹಿಂದೆ ಬಿದ್ದವರಲ್ಲ, ಅವರ ಊರಲ್ಲಿ ಟಿವಿ ಇರೋ ಮನೆಗಳು ಕಮ್ಮಿ, ನನಗೆ ಕಾಣೋ ಕಾರಣ ಅದೊಂದೇ.

ಸರಿ, ಈಗ ಶೆಡ್ಯೂಲ್. ಎಸಿಸಿಯಲ್ಲಿ ಈಗ 17 ಟೀಮು. 2025ರಲ್ಲಿ ಒಂದೊಂದು ಟೀಮೂ ಲೀಗ್ ಒಳಗೆ ಆಡಿದ್ದು ಎಂಟು ಮ್ಯಾಚು. 16 ಎದುರಾಳಿಗಳಲ್ಲಿ ಎಂಟು ಜನರ ಮುಖನೇ ನೋಡಲ್ಲ. ಲೆಕ್ಕ ಹಾಕಿ ನೋಡಿ, 17 ಟೀಮಿಗೆ 136 ಜೋಡಿ ಆಗುತ್ತೆ, ನಡೆಯೋ ಮ್ಯಾಚು 68, ಅಂದ್ರೆ ಸರಿಯಾಗಿ ಅರ್ಧ ಜೋಡಿಗಳು ಎದುರಾಗೋದೇ ಇಲ್ಲ. ನಮ್ಮ ಐಪಿಎಲ್‌ನಲ್ಲೂ ಹತ್ತು ಟೀಮಾದ ಮೇಲೆ ಐದು ಟೀಮ್ ಜೊತೆ ಎರಡೆರಡು ಮ್ಯಾಚು, ನಾಲ್ಕು ಟೀಮ್ ಜೊತೆ ಒಂದೊಂದು ಅಂತ ಆಗಿದೆ, ಆರ್‌ಸಿಬಿಗೆ ಕಷ್ಟದ ಟೀಮುಗಳೇ ಎರಡೆರಡು ಸಲ ಬಂದ್ವು ಅಂತ ನಾವು ಜಗಳ ಆಡ್ತೀವಿ, ಆದ್ರೂ ಅಲ್ಲಿ ಎಲ್ಲರೂ ಎಲ್ಲರ ಜೊತೆ ಒಂದು ಸಲನಾದ್ರೂ ಆಡೇ ಆಡ್ತಾರೆ. ಇಲ್ಲಿ ಅದೂ ಇಲ್ಲ.

ಇದರಿಂದ ಏನಾಗುತ್ತೆ ಅನ್ನೋದು 2025ರ ಕೊನೇ ವಾರ ಎಲ್ಲರಿಗೂ ಕಾಣಿಸ್ತು. ವರ್ಜೀನಿಯಾ 7-1ರಲ್ಲಿ, ಅಂದ್ರೆ ಏಳು ಗೆಲುವು ಒಂದು ಸೋಲಲ್ಲಿ, ಮುಗಿಸಿತ್ತು. ಎಸ್ಎಂಯು ಬರ್ಕ್‌ಲಿಯಲ್ಲಿ ಗೆದ್ದಿದ್ರೆ ಅದೂ 7-1, ಫೈನಲ್ಲಿಗೆ ಆ ಎರಡು ಟೀಮು, ಯಾರದ್ದೂ ತಕರಾರು ಇರ್ತಿರಲಿಲ್ಲ. ಕ್ಯಾಲ್ ಗೆದ್ದುಬಿಡ್ತು. ಡ್ಯೂಕ್, ಮಯಾಮಿ, ಜಾರ್ಜಿಯಾ ಟೆಕ್, ಎಸ್ಎಂಯು, ಪಿಟ್, ಐದೂ ಟೀಮು 6-2ರಲ್ಲಿ ಬಂದು ನಿಂತ್ವು. ಆ ಐದರಲ್ಲಿ ಎಲ್ಲರೂ ಎಲ್ಲರ ಜೊತೆ ಆಡಿರಲಿಲ್ಲ, ಹಾಗಾಗಿ ಒಬ್ಬರನ್ನೊಬ್ಬರು ಸೋಲಿಸಿದ ಲೆಕ್ಕ ನಡೀಲಿಲ್ಲ. ಕೊನೆಗೆ ಯಾರ ಎದುರಾಳಿಗಳು ಲೀಗಲ್ಲಿ ಜಾಸ್ತಿ ಗೆದ್ದಿದಾರೆ ಅಂತ ಸರಾಸರಿ ತೆಗೆದು ಡ್ಯೂಕ್‌ನ ಫೈನಲ್ಲಿಗೆ ಕಳಿಸಿದ್ರು.

ಆ ಡ್ಯೂಕ್‌ನ ಅಕ್ಟೋಬರ್‌ನಲ್ಲಿ ಅವರದೇ ಊರಲ್ಲಿ ಜಾರ್ಜಿಯಾ ಟೆಕ್ 27-18ರಲ್ಲಿ ಸೋಲಿಸಿತ್ತು. ಇಬ್ಬರದ್ದೂ 6-2, ಇಬ್ಬರೂ ಮುಖಾಮುಖಿ ಆಡಿದ್ದಾರೆ, ಒಬ್ಬ ಗೆದ್ದಿದ್ದಾನೆ, ಆದ್ರೂ ಸೋತವನು ಫೈನಲ್ ಆಡಿದ, ಗೆದ್ದವನು ಮನೇಲಿ ಕೂತ. ಆ ಹುಡುಗರು ನಾಲ್ಕು ಕ್ವಾರ್ಟರ್ ಮೈ ಮುರ್ಕೊಂಡು ಆಡಿ ಗೆದ್ದಿದ್ದಕ್ಕೆ ಇವರ ಲೆಕ್ಕದಲ್ಲಿ ಬೆಲೆನೇ ಇಲ್ಲ. ಇನ್ನು ಮಯಾಮಿ ನೋಡಿ, ಅದು ಆ ವರ್ಷ ಡ್ಯೂಕ್ ಜೊತೆಗೂ ಆಡಿಲ್ಲ, ವರ್ಜೀನಿಯಾ ಜೊತೆಗೂ ಆಡಿಲ್ಲ, ಜಾರ್ಜಿಯಾ ಟೆಕ್ ಜೊತೆಗೂ ಆಡಿಲ್ಲ.

ವರ್ಜೀನಿಯಾದ 7-1ರಲ್ಲೂ ಒಂದು ವಿಷಯ ಇದೆ. ಸೆಪ್ಟೆಂಬರ್‌ನಲ್ಲಿ ಅವರು ನಾರ್ತ್ ಕೆರೊಲಿನಾ ಸ್ಟೇಟ್ ಹತ್ರ 35-31ರಲ್ಲಿ ಸೋತಿದ್ರು. ಎರಡೂ ಎಸಿಸಿ ಟೀಮೇ. ಆದ್ರೆ ಆ ಮ್ಯಾಚನ್ನ ಲೀಗ್ ಮ್ಯಾಚ್ ಅಲ್ಲ, ಹೊರಗಿನ ಮ್ಯಾಚ್ ಅಂತ ಶೆಡ್ಯೂಲ್ ಮಾಡ್ಕೊಂಡಿದ್ರು, ಹಾಗಾಗಿ ಆ ಸೋಲು ಟೇಬಲ್ಲಿಗೆ ಬರಲೇ ಇಲ್ಲ. ಒಂದೇ ಲೀಗಿನ ಎರಡು ಟೀಮ್ ಆಡಿದ್ರೂ ಲೆಕ್ಕಕ್ಕಿಲ್ಲ ಅಂದ್ರೆ ಆ ಟೇಬಲ್ ಯಾತಕ್ಕೆ ಬೇಕು ಹೇಳಿ. ನಿಯಮ ಮೊದಲೇ ಎಲ್ಲರಿಗೂ ಗೊತ್ತಿತ್ತು, ವರ್ಜೀನಿಯಾ ಮೋಸ ಮಾಡಿಲ್ಲ, ಡ್ಯೂಕ್ ಮೋಸ ಮಾಡಿಲ್ಲ. ಇಬ್ಬರೂ ಬರ್ಕ್‌ಲಿಗೆ ಬಂದು ಕ್ಯಾಲ್‌ನ 31-21, 45-21ರಲ್ಲಿ ಸೋಲಿಸಿ ಹೋದವರೇ, ಒಳ್ಳೇ ಆಟ ಆಡಿದ್ರು. ತಪ್ಪಿರೋದು ಶೆಡ್ಯೂಲಲ್ಲಿ.

ಫೈನಲ್ಲಲ್ಲಿ ಡ್ಯೂಕ್ 27-20ರಲ್ಲಿ ಓವರ್‌ಟೈಮಲ್ಲಿ ಗೆದ್ದು ಚಾಂಪಿಯನ್ ಆಯ್ತು. ಆದ್ರೆ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ 12 ಟೀಮಿನ ಪ್ಲೇಆಫ್‌ಗೆ ಆ ಚಾಂಪಿಯನ್‌ಗೆ ಕರೆ ಬರ್ಲಿಲ್ಲ, ಸನ್ ಬೆಲ್ಟ್ ಅನ್ನೋ ಚಿಕ್ಕ ಲೀಗಿನ ಜೇಮ್ಸ್ ಮ್ಯಾಡಿಸನ್ ಒಳಗೆ ಹೋಯ್ತು. ಎಸಿಸಿ ಫೈನಲ್ ಆಡೋಕೂ ಸಿಗದ ಮಯಾಮಿನ ಪ್ಲೇಆಫ್ ಕಮಿಟಿಯವರು ಆರಿಸಿದ್ರು, ಅದು ರಾಷ್ಟ್ರೀಯ ಫೈನಲ್ ತನಕ ಹೋಗಿ 2026ರ ಜನವರಿ 19ಕ್ಕೆ ಇಂಡಿಯಾನಾ ಹತ್ರ 27-21ರಲ್ಲಿ ಸೋತಿತು. (ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್, ವರ್ಷದ ಬೆಸ್ಟ್ ಕಾಲೇಜು ಆಟಗಾರನಿಗೆ ಕೊಡೋ ಹೈಸ್‌ಮನ್ ಪ್ರಶಸ್ತಿ ಗೆದ್ದ ಫರ್ನಾಂಡೊ ಮೆಂಡೋಸಾ 2024ರ ತನಕ ಕ್ಯಾಲ್‌ನಲ್ಲೇ ಆಡ್ತಿದ್ದ ಹುಡುಗ, ನಮ್ಮ ಸೆಕ್ಷನ್ನಲ್ಲಿ ಇವತ್ತಿಗೂ ಅವನ ಜೆರ್ಸಿ ಹಾಕ್ಕೊಂಡು ಬರೋರಿದ್ದಾರೆ.) ಮಯಾಮಿ ಕೊನೆಗೆ ಒಳಗೆ ಹೋಯ್ತಲ್ಲ, ನ್ಯಾಯ ಸಿಕ್ತಲ್ಲ ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ಲೀಗ್ ತನ್ನ ಬೆಸ್ಟ್ ಟೀಮ್ ಯಾವುದು ಅಂತ ತಾನೇ ಆಡಿಸಿ ತೋರಿಸ್ಬೇಕು, ಒಂದು ರೂಮಲ್ಲಿ ಕೂತ ಕಮಿಟಿ ಅದನ್ನ ಸರಿಮಾಡಲಿ ಅಂತ ಬಿಟ್ಟುಬಿಟ್ರೆ ಮುಂದಿನ ಸಲ ಕಮಿಟಿ ಬೇರೆ ಥರ ಯೋಚ್ನೆ ಮಾಡುತ್ತೆ. 2023ರಲ್ಲಿ ಇದೇ ಎಸಿಸಿಯ ಫ್ಲಾರಿಡಾ ಸ್ಟೇಟ್ 13-0 ಇದ್ರೂ ನಾಲ್ಕು ಟೀಮಿನ ಪ್ಲೇಆಫ್‌ಗೆ ಸೇರಿಸ್ಲಿಲ್ಲ, ನೆನಪಿರಲಿ.

ಪ್ರಯಾಣದ ವಿಷಯ ಹೇಳ್ದೆ ಇದ್ರೆ ಈ ರಿವ್ಯೂ ಪೂರ್ತಿ ಆಗಲ್ಲ. ಕ್ಯಾಲ್ ಹುಡುಗರು ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ಕಾಲೇಜಿಗೆ ಹೋಗಿ ಆಡಿದ್ರು, ಸುಮಾರು 4,300 ಕಿಲೋಮೀಟರ್, ಮೂರು ಗಂಟೆ ಟೈಮ್ ವ್ಯತ್ಯಾಸ. ಅಕ್ಟೋಬರ್ 17ರ ಶುಕ್ರವಾರ ರಾತ್ರಿ ಬರ್ಕ್‌ಲಿಯಲ್ಲಿ ನಾರ್ತ್ ಕೆರೊಲಿನಾ ಜೊತೆ ಮ್ಯಾಚು, ಮುಂದಿನ ಶುಕ್ರವಾರವೇ ವರ್ಜೀನಿಯಾ ಟೆಕ್ ಊರಲ್ಲಿ ಮ್ಯಾಚು, ಅಲ್ಲಿ ಎರಡು ಓವರ್‌ಟೈಮ್ ಆಡಿ ಸೋತ್ರು. ಫುಟ್‌ಬಾಲ್‌ನವರಿಗಾದ್ರೂ ವಾರಕ್ಕೊಂದೇ ಮ್ಯಾಚು. ವಾಲಿಬಾಲ್, ಸಾಕರ್, ಸಾಫ್ಟ್‌ಬಾಲ್ ಆಡೋ ಹುಡುಗೀರನ್ನ ಯೋಚ್ನೆ ಮಾಡಿ, ಫುಟ್‌ಬಾಲ್ ಟಿವಿ ದುಡ್ಡಿಗಾಗಿ ಮಾಡಿದ ಲೀಗಲ್ಲಿ ಅವರೂ ಖಂಡ ದಾಟಿ ಹೋಗ್ಬೇಕು, ಬಂದು ಸೋಮವಾರ ಕ್ಲಾಸಲ್ಲಿ ಕೂರ್ಬೇಕು. ಮಕ್ಕಳನ್ನ ಇಲ್ಲಿ ಓದಿಸೋ ನಮ್ಮಂಥವರಿಗೆ ಇದು ಟೇಬಲ್‌ಗಿಂತ ದೊಡ್ಡ ವಿಷಯ ಆಗ್ಬೇಕು ಅಂತ ನನಗೆ ಅನ್ಸುತ್ತೆ.

ನ್ಯಾಯವಾದ ಶೆಡ್ಯೂಲ್ ಆಗೋದೇ ಇಲ್ಲ ಅನ್ನೋ ಮಾತು ಸುಳ್ಳು. 2006ರಿಂದ 2010ರ ತನಕ ಇದೇ ಕ್ಯಾಲ್ ಇದ್ದ ಪ್ಯಾಕ್-10ನಲ್ಲಿ ಹತ್ತು ಟೀಮು, ಒಂಬತ್ತು ಮ್ಯಾಚು, 45 ಜೋಡಿಗೆ 45 ಮ್ಯಾಚು, ಎಲ್ಲರೂ ಎಲ್ಲರ ಜೊತೆ ಆಡ್ತಿದ್ರು. ಒಂದು ವರ್ಷ ಐದು ಮ್ಯಾಚ್ ಮನೇಲಿ ನಾಲ್ಕು ಹೊರಗೆ, ಇನ್ನೊಂದು ವರ್ಷ ಉಲ್ಟಾ, ಅಷ್ಟೇ ವ್ಯತ್ಯಾಸ ಇದ್ದಿದ್ದು. ಬಿಗ್ 12 ಕೂಡ ಹತ್ತು ಟೀಮಿದ್ದಾಗ, 2011ರಿಂದ 2022ರ ತನಕ, ಹಾಗೇ ಆಡ್ತು. ಈಗಿನ ಎಸಿಸಿಯಲ್ಲೂ ದಾರಿ ಇದೆ. 17 ಅಂದ್ರೆ ಒಂಬತ್ತು ಮತ್ತೆ ಎಂಟು. ಎರಡು ಗುಂಪು ಮಾಡಿ, ಒಂಬತ್ತರ ಗುಂಪಿಗೆ ಎಂಟು ಮ್ಯಾಚಲ್ಲಿ ಎಲ್ಲರೂ ಎಲ್ಲರ ಜೊತೆ ಆಡಿ ಮುಗಿಯುತ್ತೆ, ಎಂಟರ ಗುಂಪಿಗೆ ಏಳರಲ್ಲೇ ಮುಗಿಯುತ್ತೆ, ಎರಡು ಗುಂಪಿನ ಫಸ್ಟ್ ಬಂದವರು ಫೈನಲ್ ಆಡ್ಲಿ. 2023ರಲ್ಲಿ ಎಸಿಸಿ ಇಂಥದೇ ತನ್ನ ಎರಡು ಡಿವಿಷನ್ ತೆಗೆದುಹಾಕಿದ್ದು ಬೆಸ್ಟ್ ಎರಡು ಟೀಮು ಫೈನಲ್ಲಿಗೆ ಬರ್ಲಿ ಅಂತ. ಬಂದವರು ಯಾರು ಅಂತ ಮೇಲೆ ಹೇಳಿದ್ದೀನಿ.

2026ರಿಂದ ಒಂಬತ್ತು ಲೀಗ್ ಮ್ಯಾಚ್ ಮಾಡ್ತೀವಿ ಅಂತಿದಾರೆ. ಒಳ್ಳೇದೇ, ಆದ್ರೆ 17ನ್ನ 9ರಿಂದ ಗುಣಿಸಿದ್ರೆ 153, ಒಂದು ಮ್ಯಾಚಿಗೆ ಎರಡು ಟೀಮ್ ಬೇಕು, 153ನ ಎರಡರಿಂದ ಭಾಗಿಸೋಕಾಗಲ್ಲ. ಅಂದ್ರೆ ಯಾರಾದ್ರೂ ಎಂಟೇ ಆಡ್ಬೇಕು, ಎಂಟು ಆಡಿದವರನ್ನ ಒಂಬತ್ತು ಆಡಿದವರ ಪಕ್ಕ ಇಟ್ಟು ಪರ್ಸೆಂಟೇಜ್ ನೋಡ್ಬೇಕು. ಬಿಗ್ ಟೆನ್ ಇದಕ್ಕಿಂತ ಚೂರು ವಾಸಿ, 18 ಟೀಮಲ್ಲಿ ಒಂಬತ್ತು ಮ್ಯಾಚು, ಎಂಟು ಎದುರಾಳಿ ಮಿಸ್ಸು, ಆದ್ರೂ ಎಲ್ಲರಿಗೂ ಒಂದೇ ಸಂಖ್ಯೆ. ಎಸ್ಇಸಿ ಅನ್ನೋ ದಕ್ಷಿಣದ ಲೀಗೂ 2026ರಿಂದ ಒಂಬತ್ತಕ್ಕೆ ಬರ್ತಿದೆ, ಮೂರು ಎದುರಾಳಿ ಪ್ರತಿವರ್ಷ, ಆರು ಜನ ಸುತ್ತಿ ಬರ್ತಾರೆ, ಎರಡು ವರ್ಷದಲ್ಲಿ ಎಲ್ಲರನ್ನೂ ಒಂದ್ಸಲ ನೋಡಿರ್ತಾರೆ. ದೊಡ್ಡ ಲೀಗುಗಳಲ್ಲಿ ನನಗೆ ಒಪ್ಪಿಗೆಯಾಗಿರೋದು ಅದೇ.

ಹಾಗಾದ್ರೆ ಟಿಕೆಟ್ ತಗೋಬೇಕಾ? ಕ್ಯಾಲ್‌ಗೆ ತಗೊಳ್ಳಿ, ಮ್ಯಾಚಿಗೋಸ್ಕರ ತಗೊಳ್ಳಿ, ಫೈನಲ್ ಲೆಕ್ಕಾಚಾರ ತಲೆಗೆ ಹಚ್ಕೋಬೇಡಿ. ಪೂರ್ತಿ ಸೀಸನ್ ಬೇಡ ಅನ್ನೋರು ಸ್ಟ್ಯಾನ್‌ಫರ್ಡ್ ಜೊತೆಗಿನ ಬಿಗ್ ಗೇಮ್ ಒಂದನ್ನ ಬಿಡಬೇಡಿ, 1892ರಿಂದ ನಡ್ಕೊಂಡು ಬಂದಿರೋದು, ಇಷ್ಟೆಲ್ಲ ಕಿತ್ತಾಟದಲ್ಲೂ ಉಳ್ಕೊಂಡಿದೆ. ಇನ್ನು ಟೇಬಲ್ ನ್ಯಾಯವಾಗಿರೋ ಲೀಗೇ ಬೇಕು ಅಂದ್ರೆ 2026ರಲ್ಲಿ ಹೊಸದಾಗಿ ಶುರುವಾಗ್ತಿರೋ ಪ್ಯಾಕ್-12 ನೋಡಿ. ಆ ಉಳ್ಕೊಂಡ ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಜೊತೆಗೆ ಬೋಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಕೊಲೊರಾಡೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್ ಸೇರಿ ಫುಟ್‌ಬಾಲಿಗೆ ಎಂಟು ಟೀಮು, ಎಲ್ಲರೂ ಎಲ್ಲರ ಜೊತೆ ಆಡ್ತಾರೆ. ಬೇ ಏರಿಯಾದಿಂದ ಫ್ರೆಸ್ನೊಗೆ ಮೂರು ಗಂಟೆ ಡ್ರೈವು, ಬೆಳಿಗ್ಗೆ ಹೊರಟು ಮ್ಯಾಚ್ ನೋಡ್ಕೊಂಡು ವಾಪಸ್ ಬರಬಹುದು.