ಒರೆಯನ್ನೇ ಒರೆಗೆ ಹಚ್ಚಿ ನೋಡಿದಾಗ: ಚರ್ಮವೋ, ಕೈಡೆಕ್ಸೋ?

ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುತ್ತದೆ ಗಾದೆ. ನನ್ನ ಪಾಡು ಅದರ ತಿರುವುಮುರುವು: ಚಾಕು ಒಂದೇ, ಒರೆ ಎರಡು. ಮಡಚಲು ಬಾರದ, ಹತ್ತು ಸೆಂಟಿಮೀಟರ್ ಉದ್ದದ ಕಾರ್ಬನ್ ಉಕ್ಕಿನ ಅಲಗಿರುವ ಈ ಚಾಕುವಿನ ಜೊತೆಗೇ ಬಂದದ್ದು ಚರ್ಮದ ಒರೆ. ಅದು ಒಮ್ಮೆ ಮಳೆಯಲ್ಲಿ ನೆನೆದು ನನಗೆ ಬುದ್ಧಿ ಕಲಿಸಿದ ಮೇಲೆ ಅದೇ ಅಲಗಿನ ಅಳತೆಗೆ ಮಾಡಿಸಿಕೊಂಡದ್ದು ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯ ಒರೆ. ಸುಮಾರು ಎರಡು ವರ್ಷಗಳಿಂದ ಇವೆರಡನ್ನೂ ಸರದಿಯಂತೆ ಸೊಂಟಕ್ಕೆ ಕಟ್ಟಿಕೊಂಡು ಮರ ಕೆತ್ತಿದ್ದೇನೆ, ಹಗ್ಗ ಕತ್ತರಿಸಿದ್ದೇನೆ, ಶಿಬಿರಗಳಲ್ಲಿ ಸಣ್ಣ ಕಟ್ಟಿಗೆ ಸೀಳಿದ್ದೇನೆ. ಚಾಕು ಕೊಳ್ಳುವಾಗ ಉಕ್ಕಿನ ಬಗೆ, ಹಿಡಿಯ ಆಕಾರ, ಸಾಣೆಯ ಕೋನ ಎಲ್ಲವನ್ನೂ ವಿಚಾರಿಸುವ ನಾವು ಒರೆಯನ್ನು ಮಾತ್ರ ಪೊಟ್ಟಣದಂತೆ ಕಾಣುತ್ತೇವೆ. ಅದು ತಪ್ಪೆಂದು ಈ ಎರಡು ವರ್ಷಗಳಲ್ಲಿ ಮನವರಿಕೆಯಾಗಿರುವುದರಿಂದ ಈ ವಿಮರ್ಶೆ ಚಾಕುವಿನದ್ದಲ್ಲ, ಒರೆಗಳದ್ದು.

ಒರೆಯ ಮಾತು ಬಂದಾಗ ಹೆಚ್ಚಿನವರು ಕೇಳುವುದು ಚಾಕು ಎಷ್ಟು ಬೇಗ ಹೊರಬರುತ್ತದೆ ಎಂದು. ಆದರೆ ಒರೆಯ ಗುಣ ಗೊತ್ತಾಗುವುದು ಚಾಕುವನ್ನು ಹಿರಿಯುವಾಗ ಅಲ್ಲ, ಮರಳಿ ಸೇರಿಸುವಾಗ. ಹಿರಿಯುವಾಗ ಕಣ್ಣೂ ಮನಸ್ಸೂ ಚಾಕುವಿನ ಮೇಲೆಯೇ ಇರುತ್ತವೆ. ಸೇರಿಸುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಕೈ ಒದ್ದೆಯಾಗಿರುತ್ತದೆ, ಅಲಗಿಗೆ ಹಸಿ ಮರದ ರಸವೋ ಮಣ್ಣೋ ಅಂಟಿರುತ್ತದೆ, ಕಣ್ಣು ಆಗಲೇ ಮುಂದಿನ ಕೆಲಸದ ಕಡೆಗೆ ಹೊರಳಿರುತ್ತದೆ. ಬೆರಳು ಕುಯ್ದುಕೊಳ್ಳುವುದು, ಅಲಗಿಗೆ ತುಕ್ಕು ಹಿಡಿಯುವುದು, ಒರೆಯ ಹೊಲಿಗೆ ಹರಿಯುವುದು, ಈ ಮೂರಕ್ಕೂ ಮೊದಲಾಗುವುದು ಆ ಅಜಾಗ್ರತೆಯ ಕ್ಷಣದಲ್ಲೇ.

ಮೊದಲು ಚರ್ಮದ ಒರೆ. ನನ್ನದು ತೊಗಟೆಯ ಒಗರಿನಿಂದ, ಅಂದರೆ ಟ್ಯಾನಿನ್‌ನಿಂದ, ಹದ ಮಾಡಿದ ದಪ್ಪ ಚರ್ಮದ್ದು. ಈ ಕಸುಬಿನಲ್ಲಿ ಚರ್ಮದ ದಪ್ಪವನ್ನು ಔನ್ಸ್‌ಗಳಲ್ಲಿ ಹೇಳುವ ರೂಢಿಯಿದೆ. ಒಂದು ಔನ್ಸ್ ಎಂದರೆ ಇಂಚಿನ 64ನೆಯ ಒಂದು ಭಾಗ, ಸುಮಾರು 0.4 ಮಿಲಿಮೀಟರ್. ಎಂಟು ಒಂಬತ್ತು ಔನ್ಸಿನ ಚರ್ಮ, ಅಂದರೆ ಮೂರರಿಂದ ಮೂರೂವರೆ ಮಿಲಿಮೀಟರ್ ದಪ್ಪದ್ದು, ಈ ಅಳತೆಯ ಚಾಕುವಿಗೆ ಸಾಕು. ಹೀಗೆ ಹದ ಮಾಡಿದ ಚರ್ಮವನ್ನು ನೀರಿನಲ್ಲಿ ನೆನೆಸಿ, ತೆಳು ಪ್ಲಾಸ್ಟಿಕ್ ಸುತ್ತಿದ ಚಾಕುವನ್ನು ಅದರೊಳಗಿಟ್ಟು, ಹೊರಗಿನಿಂದ ಬೆರಳುಗಳಲ್ಲಿ ಒತ್ತಿ ಒಣಗಲು ಬಿಟ್ಟರೆ ಅದು ಚಾಕುವಿನ ಆಕಾರವನ್ನೇ ತಳೆದು ಗಟ್ಟಿಯಾಗುತ್ತದೆ. ಕ್ರೋಮಿಯಂ ಲವಣಗಳಿಂದ ಹದ ಮಾಡಿದ, ಚೀಲ ಮತ್ತು ಅಂಗಿಗಳಿಗೆ ಬಳಸುವ ಮೆತ್ತನೆಯ ಚರ್ಮಕ್ಕೆ ಈ ಗುಣವಿಲ್ಲ. ಅದರಲ್ಲಿ ಉಳಿದುಕೊಳ್ಳುವ ಲವಣಗಳು ಉಕ್ಕಿಗೆ ಒಳ್ಳೆಯವೂ ಅಲ್ಲ. ಹಿಂಡಿದರೆ ಮುದುಡುವ ಒರೆಯನ್ನು ಎಷ್ಟು ಚೆಂದವಿದ್ದರೂ ಕೊಳ್ಳಬಾರದು.

ಚರ್ಮದ ಒರೆಯ ಒಳ್ಳೆಯತನವೆಲ್ಲ ಅಡಗಿರುವುದು ಕಣ್ಣಿಗೆ ಬೀಳದ ಒಂದು ಪಟ್ಟಿಯಲ್ಲಿ. ಅಲಗಿನ ಹರಿತದ ಅಂಚು ಬರುವ ಕಡೆ, ಹೊರಗಿನ ಎರಡು ಪದರಗಳ ನಡುವೆ, ಚರ್ಮದ ಮೂರನೆಯ ಪಟ್ಟಿಯೊಂದನ್ನು ಸೇರಿಸಿ ಹೊಲಿಯುತ್ತಾರೆ. ಕುಶಲಿಗಳು ಇದನ್ನು ವೆಲ್ಟ್ ಎನ್ನುತ್ತಾರೆ. ಹರಿತದ ಅಂಚು ಬಂದು ತಾಗುವುದು ಈ ಪಟ್ಟಿಗೆ, ದಾರಕ್ಕಲ್ಲ. ಒರೆಯ ಬಾಯೊಳಗೆ ದೀಪ ಹಿಡಿದು ನೋಡಿದರೆ ಈ ಪಟ್ಟಿ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಇಲ್ಲದಿದ್ದರೆ ಅದು ಒರೆಯಲ್ಲ, ಹೊಲಿಗೆಯನ್ನು ದಿನವೂ ಒಂದಿಷ್ಟು ಕತ್ತರಿಸುವ ಏರ್ಪಾಡು. ಇನ್ನು ಹೊಲಿಗೆ: ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಒಂದೊಂದು ತೂತಿನಲ್ಲೂ ಎದುರುಬದುರಾಗಿ ಹಾಯಿಸುವ ಸ್ಯಾಡಲ್ ಹೊಲಿಗೆಯಲ್ಲಿ ಒಂದೆಡೆ ದಾರ ಹರಿದರೂ ಉಳಿದ ಹೊಲಿಗೆ ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆ ಒಂದು ಕಡೆ ಬಿಟ್ಟರೆ ಮುಂದಕ್ಕೆ ಬಿಚ್ಚಿಕೊಳ್ಳುತ್ತ ಹೋಗಬಹುದು. ನನ್ನ ಒರೆಯ ಹೊಲಿಗೆ ಮೊದಲನೆಯ ಬಗೆಯದು. ಈ ವಿಷಯದಲ್ಲಿ ಅದನ್ನು ಮಾಡಿದವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಹಿಡಿಯನ್ನು ಸುತ್ತಿ ಪ್ರೆಸ್ ಬಟನ್ನಿನಿಂದ ಕಚ್ಚುವ ಪಟ್ಟಿಯ ವಿಷಯದಲ್ಲಿ ಮಾತ್ರ ಒಂದು ಅಂಕವನ್ನೂ ಕೊಡಲಾರೆ. ಬಟನ್ ಬಿಚ್ಚಿದ ಕೂಡಲೇ ಆ ಪಟ್ಟಿ ತಾನಾಗಿ ಒರೆಯ ಬಾಯಿಯ ಮೇಲೆ ಬಾಗಿ, ಹೊರಬರುವ ಅಲಗಿನ ದಾರಿಗೆ ಅಡ್ಡ ಬೀಳುತ್ತದೆ. ಮೊದಲ ತಿಂಗಳಲ್ಲೇ ಅದರ ಅಂಚಿನಲ್ಲಿ ಮೂರು ಕಚ್ಚುಗಳು ಕಂಡವು, ನಾಲ್ಕನೆಯದು ಅರ್ಧ ಅಗಲದವರೆಗೆ ಹೋಯಿತು, ಆರನೆಯ ತಿಂಗಳಲ್ಲಿ ಪಟ್ಟಿ ಎರಡು ತುಂಡಾಯಿತು. ಸೋಜಿಗವೆಂದರೆ ಅದು ಹೋದ ಮೇಲೆ ಒರೆ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ. ಹಿಡಿಯ ಮೂರನೆಯ ಒಂದು ಭಾಗದವರೆಗೆ ಒರೆಯೇ ಮೇಲೇರಿ ಅಪ್ಪಿಕೊಂಡಿರುವುದರಿಂದ ಚಾಕು ಬರಿಯ ಬಿಗಿತದಿಂದಲೇ ನಿಲ್ಲುತ್ತದೆ. ಫಿನ್ಲೆಂಡಿನ ಸಾಂಪ್ರದಾಯಿಕ ಪುಕ್ಕೊ ಚಾಕುವಿನ ಆಳವಾದ ಒರೆಗೂ ಇದೇ ಉಪಾಯ.

ಈಗ ಆ ಮಳೆಯ ಕಥೆ. ಸಂಜೆ ಕೆಲಸ ಮುಗಿಸಿ ಅಲಗನ್ನು ಪ್ಯಾಂಟಿಗೆ ಒಮ್ಮೆ ಒರೆಸಿ ಒರೆಗೆ ಸೇರಿಸಿದ್ದೆ. ಒರೆ ಒಳಗೂ ಹೊರಗೂ ತೊಯ್ದಿತ್ತು. ಮರುದಿನ ರಜೆ, ನೆನಪಾಗಿ ತೆಗೆದದ್ದು ಮೂರನೆಯ ದಿನ ಬೆಳಿಗ್ಗೆ. ಅಲಗಿನ ಎರಡೂ ಮೈಮೇಲೆ, ಒರೆಯ ಒಳಮೈಯ ನಾರುಗಳು ಎಲ್ಲೆಲ್ಲಿ ತಾಗಿದ್ದವೋ ಅಲ್ಲಲ್ಲಿ, ಅಚ್ಚೊತ್ತಿದಂತೆ ಕಂದು ಬಣ್ಣದ ಚುಕ್ಕೆಗಳು ಮೂಡಿದ್ದವು. ಚರ್ಮ ನೀರನ್ನು ಹಿಡಿದಿಡುತ್ತದೆ, ಜೊತೆಗೆ ಟ್ಯಾನಿನ್‌ನ ಸೌಮ್ಯ ಆಮ್ಲತೆಯೂ ಅದರಲ್ಲಿರುತ್ತದೆ. ಕಾರ್ಬನ್ ಉಕ್ಕಿಗೆ ತುಕ್ಕು ಹಿಡಿಯಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಹಿತ್ತಾಳೆಯ ರಿವೆಟ್ಟಿನ ಸುತ್ತ ಹಸಿರು ಕಿಲುಬು ಕಟ್ಟಿದ್ದನ್ನು ಗಮನಿಸಿದ್ದೂ ಅಂದೇ. ಚರ್ಮದಲ್ಲಿರುವ ಎಣ್ಣೆ ಜಿಡ್ಡುಗಳು ಹಿತ್ತಾಳೆಯ ತಾಮ್ರದೊಡನೆ ಕೂಡಿ ಹೀಗಾಗುತ್ತದೆ, ಅದಕ್ಕೆ ಮಳೆಯೇ ಬೇಕೆಂದಿಲ್ಲ. ಇದರ ಮೇಲೆ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು: ಒದ್ದೆ ಒರೆಯನ್ನು ಬೆಂಕಿಯ ಪಕ್ಕ ಒಣಗಲು ಇಟ್ಟೆ. ಒದ್ದೆಯಾದ ಚರ್ಮ 70–80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಕುಗ್ಗತೊಡಗುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಬೆಂಕಿಗೆ ಎದುರಾಗಿದ್ದ ಅಂಚು ಸುಕ್ಕುಗಟ್ಟಿ, ಒರೆಯ ಬಾಯಿ ಒಂದು ಕಡೆ ಹಲಗೆಯಂತೆ ಬಿರುಸಾಯಿತು; ಇಂದಿಗೂ ಹಾಗೆಯೇ ಇದೆ.

ಒದ್ದೆ ಒರೆಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ಚಾಕುವಿಲ್ಲದೆ ಒಣಗಿಸಬೇಕು. ಒಣಗಿದ ಮೇಲೆ ಹೊರಮೈಗೆ ಜೇನುಮೇಣ ಬೆರೆತ ಲೇಪವನ್ನು ತೆಳ್ಳಗೆ ತಿಕ್ಕಿದರೆ ಸಾಕು. ದನದ ಕಾಲಿನ ಮೂಳೆಗಳಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆಯನ್ನು ಬಹಳ ಜನ ಸೂಚಿಸುತ್ತಾರೆ. ಅದು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಜೀನಿಗೆ ಅದು ಬೇಕಾದ ಗುಣ, ಒರೆಗೆ ಬೇಡವಾದ ಗುಣ.

ಕೈಡೆಕ್ಸ್‌ನ ಹುಟ್ಟಿಗೂ ಚಾಕುವಿಗೂ ಸಂಬಂಧವಿಲ್ಲ. ಅಕ್ರಿಲಿಕ್ ಮತ್ತು ಪಿವಿಸಿ ಸೇರಿದ ಈ ಹಾಳೆಯನ್ನು ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ 1965ರಲ್ಲಿ ತಂದದ್ದು ವಿಮಾನಗಳ ಒಳಾಂಗಣಕ್ಕೆಂದು. ಸುಮಾರು 160ರಿಂದ 180 ಡಿಗ್ರಿಗೆ ಬಿಸಿ ಮಾಡಿದರೆ ದಪ್ಪ ಬಟ್ಟೆಯಂತೆ ಮೆದುವಾಗುವ ಇದನ್ನು ಚಾಕುವಿನ ಸುತ್ತ ಮಡಿಸಿ, ಸ್ಪಂಜಿನ ಹಲಗೆಗಳ ನಡುವೆ ಅದುಮಿ ತಣಿಸುತ್ತಾರೆ. ನನ್ನ ಒರೆಯ ಹಾಳೆ ಎರಡು ಮಿಲಿಮೀಟರ್ ದಪ್ಪದ್ದು. ಹಿಡಿಯ ಬುಡದ ಉಬ್ಬು ಹಾಳೆಯ ತಗ್ಗಿನಲ್ಲಿ ಕೂತಾಗ ಟಕ್ ಎಂದು ಶಬ್ದವಾಗುತ್ತದೆ, ಮತ್ತೆ ಒರೆಯನ್ನು ತಲೆಕೆಳಗಾಗಿ ಜಾಡಿಸಿದರೂ ಚಾಕು ಅಲುಗುವುದಿಲ್ಲ. ಮರಳಿ ಸೇರಿಸುವ ಕ್ಷಣದಲ್ಲಿ ಈ ಟಕ್ ದೊಡ್ಡ ಉಪಕಾರ, ಏಕೆಂದರೆ ಚಾಕು ಪೂರ್ತಿ ಒಳಗೆ ಹೋಗಿದೆಯೇ ಎಂಬುದನ್ನು ಕಿವಿಯೇ ಹೇಳುತ್ತದೆ. ಚರ್ಮದ ಒರೆ ಅಂಥ ಖಾತರಿ ಕೊಡುವುದಿಲ್ಲ. ಅದರಲ್ಲಿ ಅಲಗು ಸ್ವಲ್ಪ ಓರೆಯಾದರೆ ಮೊನೆ ಒಳಗೋಡೆಗೆ ನಾಟಿಕೊಳ್ಳುತ್ತದೆ, ಚರ್ಮ ತೆಳುವಾಗಿದ್ದು ಕೈ ಒತ್ತುತ್ತ ಹೋದರೆ ಮೊನೆ ಹೊರಗೂ ಇಣುಕೀತು. ಕೈಡೆಕ್ಸ್‌ನ ನುಣುಪು ಗೋಡೆಯ ಮೇಲೆ ಮೊನೆ ಜಾರಿ ತನ್ನ ದಾರಿ ಹಿಡಿಯುತ್ತದೆ.

ಹಿರಿಯುವಾಗ ಇದೇ ಬಿಗಿತ ತೊಡಕಾಗುತ್ತದೆ. ಸುಮ್ಮನೆ ಎಳೆದರೆ ಮೊದಲು ಬರುವುದಿಲ್ಲ, ಆಮೇಲೆ ಒಮ್ಮೆಲೇ ಎಗರಿ ಬರುತ್ತದೆ, ಆ ಎಗರಿನಲ್ಲಿ ಅಲಗು ಎತ್ತ ಹೋಗುತ್ತದೆಂದು ಹೇಳಲಾಗದು. ಹೆಬ್ಬೆರಳನ್ನು ಒರೆಯ ಬಾಯಂಚಿಗೆ ಒತ್ತಿ, ಚಾಕುವನ್ನು ಮೊದಲು ಅರ್ಧ ಇಂಚು ಸಡಿಲಿಸಿ, ಆಮೇಲೆ ಎಳೆಯುವುದು ಸರಿಯಾದ ಕ್ರಮ. ಇದು ಕೈಗೆ ಕೂಡಲು ನನಗೆ ಒಂದು ವಾರ ಹಿಡಿಯಿತು.

ಒದ್ದೆಯ ವಿಷಯದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಕೈಡೆಕ್ಸ್ ನೀರು ಕುಡಿಯುವುದಿಲ್ಲ, ಅದಕ್ಕೆ ಬೂಷ್ಟು ಹಿಡಿಯುವುದಿಲ್ಲ, ತುದಿಯಲ್ಲಿ ನೀರಿಳಿಯಲು ತೂತಿದೆ, ಕೊಳೆಯಾದರೆ ಸಾಬೂನು ನೀರಲ್ಲಿ ತೊಳೆದು ಕೊಡವಿದರೆ ಮುಗಿಯಿತು. ಆದರೆ ಒಳಗೆ ಮರಳು ಸೇರಿದರೆ ಅದು ಹಾಳೆಗೂ ಉಕ್ಕಿಗೂ ನಡುವೆ ಸಿಕ್ಕಿ, ಪ್ರತಿ ಸಲ ಹಿರಿದಾಗಲೂ ಅಲಗಿನ ಮೈಮೇಲೆ ಉದ್ದುದ್ದ ಗೀರು ಎಳೆಯುತ್ತದೆ. ನನ್ನ ಅಲಗಿನ ಎಡಮೈಯಲ್ಲಿ ಹಿಡಿಯಿಂದ ಮೊನೆಯವರೆಗೆ ಅಂಥ ಏಳೆಂಟು ಗೆರೆಗಳಿವೆ. ಹರಿತಕ್ಕೆ ಅದರಿಂದ ಕುಂದಿಲ್ಲ, ಚೆಂದಕ್ಕೆ ಕುಂದು. ಕೂತಲ್ಲಿ ನಿಂತಲ್ಲಿ ಕಟಕಟ ಎನ್ನುವುದು ಇನ್ನೊಂದು ಕಿರಿಕಿರಿ. ಚರ್ಮ ಮೈಯ ಬಾಗಿಗೆ ತಾನೂ ಬಾಗುತ್ತದೆ. ಕೈಡೆಕ್ಸ್ ಕೂತ ಕೂಡಲೇ ಸೊಂಟದ ಮೂಳೆಗೆ ತಾನು ಇರುವುದನ್ನು ನೆನಪಿಸುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಮುಂಗಾಜಿನ ಕೆಳಗೆ ಇದನ್ನು ಬಿಡಲೇಬಾರದು, ಏಕೆಂದರೆ 75–80 ಡಿಗ್ರಿಯ ಆಸುಪಾಸಿನಲ್ಲಿ ಹಾಳೆ ತನ್ನ ಆಕಾರದ ಹಿಡಿತವನ್ನು ಬಿಡತೊಡಗುತ್ತದೆ. ಹಾಗೆ ಸಡಿಲವಾದದ್ದನ್ನು ಹಾಟ್ ಏರ್ ಗನ್‌ನಿಂದ ಬಿಸಿ ಮಾಡಿ ಮತ್ತೆ ಅದುಮಿ ಸರಿಪಡಿಸಬಹುದು ಎಂಬುದೇನೋ ನಿಜ. ಸೀಳಿದರೆ ಮಾತ್ರ ಹೊಸದೇ ಗತಿ. ಚರ್ಮವನ್ನಾದರೆ ಮತ್ತೆ ಮತ್ತೆ ಹೊಲಿಯಬಹುದು.

ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಒರೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಚಾಕುವಿನ ಒರೆ ಈ ಜಾತಿಯದು: ನೋಡಲು ಏನೂ ಅಲ್ಲ, ಕೆಲಸಕ್ಕೆ ಸೊಗಸು. ಬಟ್ಟೆಯಂಥ ನೈಲಾನ್ ಒರೆಗಳಲ್ಲಿ ಒಳಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ ಇದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಅವು ಚರ್ಮದಂತೆ ನೀರು ಹಿಡಿಯುತ್ತವೆ, ಚರ್ಮದಂತೆ ಕಾಪಾಡುವುದಿಲ್ಲ.

ಚರ್ಮದ ಪರವಾಗಿ ವಾದಿಸುವವರು ಅದು ಅನಾದಿಯಿಂದ ಬಂದದ್ದು ಎನ್ನುವುದುಂಟು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಗಳಿಗೂ ಹಿಂದಿನ ಓಟ್ಸಿ ಎಂಬ ಮನುಷ್ಯನ ಬಳಿ ಕಲ್ಲಿನ ಅಲಗಿನ ಚಾಕುವೊಂದಿತ್ತು, ಅದಕ್ಕೆ ಒರೆಯೂ ಇತ್ತು. ಅದು ಮರದ ತೊಗಟೆಯ ನಾರಿನಿಂದ ಹೆಣೆದದ್ದು. ಇತ್ತ ಪ್ಲಾಸ್ಟಿಕ್ ಕೂಡ ನಿನ್ನೆ ಮೊನ್ನೆ ಬಂದದ್ದಲ್ಲ: ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತನ್ನ ಎಂ3 ಚಾಕುವಿಗೆ ಮೊದಲು ಎಂ6 ಎಂಬ ಚರ್ಮದ ಒರೆ ಕೊಟ್ಟು, ಯುದ್ಧ ಮುಗಿಯುವ ಮೊದಲೇ ಎಂ8 ಎಂಬ ಪ್ಲಾಸ್ಟಿಕ್ ಮೈಯ ಒರೆಗೆ ಬದಲಾಯಿಸಿತ್ತು.

ಕೊಳ್ಳುವವರಿಗೆ ನಾನು ಹೇಳುವುದಾದರೆ, ಒರೆಯನ್ನು ಆರಿಸಬೇಕಾದ್ದು ಚಾಕುವಿನ ರೂಪ ನೋಡಿ ಅಲ್ಲ, ಉಕ್ಕು ನೋಡಿ. ಮಾರುವವರು ಸಾಮಾನ್ಯವಾಗಿ ಕೂಡಿಸುವ ಜೋಡಿ ನನಗೆ ಹಿಂದುಮುಂದಾಗಿ ಕಾಣುತ್ತದೆ. ಮರದ ಹಿಡಿ, ಕಾರ್ಬನ್ ಉಕ್ಕು, ಹಳೆಯ ಕಾಲದ ಠೀವಿ ಇರುವ ಚಾಕುವಿಗೆ ಚರ್ಮದ ಒರೆ ಕೊಡುತ್ತಾರೆ. ತುಕ್ಕಿಗೆ ಜಗ್ಗದ ಸ್ಟೇನ್‌ಲೆಸ್ ಉಕ್ಕು, ರಬ್ಬರ್ ಹಿಡಿ ಇರುವ ಚಾಕುವಿಗೆ ಪ್ಲಾಸ್ಟಿಕ್ ಕೊಡುತ್ತಾರೆ. ನೋಟಕ್ಕೆ ಒಪ್ಪುವ ಈ ಜೋಡಿ ಕೆಲಸಕ್ಕೆ ಒಪ್ಪುವುದಿಲ್ಲ, ಏಕೆಂದರೆ ಒಣ ಒರೆ ಯಾರಿಗೆ ಬೇಕೋ ಅವರಿಗೇ ನೀರು ಹಿಡಿಯುವ ಒರೆ ಸಿಕ್ಕಿರುತ್ತದೆ. ಸ್ವೀಡನ್ನಿನ ವಾಯುಪಡೆಯ ಪೈಲಟ್‌ಗಳಿಗೆ 1995ರಿಂದ ಕೊಡುತ್ತ ಬಂದಿರುವ ಫಾಲ್‌ಕ್ನಿವೆನ್ ಎಫ್1 ಚಾಕುವನ್ನು ಕೊಳ್ಳುವವರು ಚರ್ಮ ಅಥವಾ ಜೈಟೆಲ್ ಎಂಬ ನೈಲಾನ್ ಒರೆಯಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಎಲ್ಲ ತಯಾರಕರೂ ಹೀಗೆ ಮಾಡಬಾರದೇಕೆ ಎನಿಸುತ್ತದೆ. ಸ್ಟೇನ್‌ಲೆಸ್ ಅಲಗಿಗೆ, ದಿನವಿಡೀ ಸೊಂಟದಲ್ಲೇ ಇರುವ ಚಾಕುವಿಗೆ, ಸದ್ದು ಬೇಡವೆನ್ನುವವರಿಗೆ ಚರ್ಮ. ಕಾರ್ಬನ್ ಉಕ್ಕಿಗೆ, ನೀರು ಕೆಸರುಗಳ ನಡುವಿನ ಕೆಲಸಕ್ಕೆ, ಮೀನು ಮಾಂಸ ಮುಟ್ಟುವ ಚಾಕುವಿಗೆ ಕೈಡೆಕ್ಸ್ ಅಥವಾ ಎರಕದ ಪ್ಲಾಸ್ಟಿಕ್.

ಕೆಲಸವಿಲ್ಲದ ದಿನಗಳಲ್ಲಿ ನನ್ನ ಚಾಕು ಎರಡೂ ಒರೆಗಳಲ್ಲಿ ಇರುವುದಿಲ್ಲ. ಎಣ್ಣೆ ಸವರಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿ ಇಡುತ್ತೇನೆ. ಒರೆಗಳು ಗೋಡೆಯ ಒಂದೇ ಗೂಟಕ್ಕೆ ಬಾಯಿ ಕೆಳಗಾಗಿ ನೇತಾಡುತ್ತಿರುತ್ತವೆ. ಹೊರಗೆ ಹೊರಡುವಾಗ ಆಕಾಶ ನೋಡಿ ಎರಡರಲ್ಲಿ ಒಂದನ್ನು ಎತ್ತಿಕೊಳ್ಳುತ್ತೇನೆ.