ಇಸುಬು ಇರುವ ಹಸುಗೂಸಿಗೆ ಯಾವ ಕ್ರೀಮ್? ಮೆಡಿಕಲ್ ಶಾಪಿನ ಶೆಲ್ಫಿನ ವಿಮರ್ಶೆ

ದುಬಾರಿ ಕ್ರೀಮ್ ಹಚ್ಚಿದಷ್ಟೂ ಇಸುಬು ಬೇಗ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಲಾಭವಾಗುವುದು ಅಂಗಡಿಗೆ, ಕೂಸಿಗಲ್ಲ. ಇಂಗ್ಲೆಂಡಿನಲ್ಲಿ ಎಕ್ಸಿಮಾ, ಅಂದರೆ ಇಸುಬು, ಇದ್ದ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್, ಮುಲಾಮು ಈ ನಾಲ್ಕರಲ್ಲಿ ಒಂದೊಂದನ್ನು ಕೊಟ್ಟು ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಗುಣದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉರಿಯಲ್ಲಿ ಮಾತ್ರ ಕಂಡಿತು: ಲೋಷನ್ ಹಚ್ಚಿಸಿಕೊಂಡವರಲ್ಲಿ ಶೇ. 20ರಷ್ಟು ಮಕ್ಕಳಿಗೆ ಚುರುಗುಟ್ಟಿತು, ಮುಲಾಮಿನಲ್ಲಿ ಶೇ. 9. ಹಾಗಾಗಿ ಶೆಲ್ಫಿನ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಪರಿಮಳ ಇದೆಯೇ? ನೂರು ಗ್ರಾಂಗೆ ಎಷ್ಟು ಬೀಳುತ್ತದೆ? ದಿನಕ್ಕೆ ಮೂರು ಸಲ, ಕೈತುಂಬ ಹಚ್ಚಲು ಮನಸ್ಸು ಬರುವ ಬೆಲೆಯೇ?

ಕೊಳ್ಳುವ ಮೊದಲು ಇದು ಇಸುಬೇ ಎಂದು ನೋಡಿಕೊಳ್ಳಿ. ಹಸುಗೂಸಿನಲ್ಲಿ ಅದು ಕೆನ್ನೆ, ಹಣೆ, ನೆತ್ತಿ, ಕೈಕಾಲಿನ ಹೊರಬದಿಯಲ್ಲಿ ಕಾಣಿಸುತ್ತದೆ. ಚರ್ಮ ಒಣಗಿ ಒರಟಾಗುತ್ತದೆ, ತುರಿಸುತ್ತದೆ, ಕೆಲವೊಮ್ಮೆ ನೀರು ಜಿನುಗುತ್ತದೆ. ಸಣ್ಣ ಕೂಸಿಗೆ ಕೆರೆದುಕೊಳ್ಳಲು ಬಾರದು. ಕೆನ್ನೆಯನ್ನು ಹಾಸಿಗೆಗೆ, ಎತ್ತಿಕೊಂಡವರ ಹೆಗಲಿಗೆ ಉಜ್ಜುತ್ತದೆ. ಡೈಪರ್ ಕಟ್ಟುವ ಜಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ನೆತ್ತಿಯಲ್ಲಿ ಹಳದಿ ಜಿಡ್ಡಿನ ಹೊಟ್ಟು ಮಾತ್ರ ಇದ್ದು ತುರಿಕೆ ಇಲ್ಲದಿದ್ದರೆ ಅದು ಬೇರೆ, ತಾನಾಗಿ ಹೋಗುವಂಥದ್ದು. ಅನುಮಾನವಿದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.

ಅಳತೆಯಲ್ಲೇ ಬಹುತೇಕರು ಎಡವುವುದು. ಮೈಯೆಲ್ಲ ಒಣಗಿದ ಕೂಸಿಗೆ ವಾರಕ್ಕೆ ಕನಿಷ್ಠ 100 ಗ್ರಾಂ ಮಾಯಿಶ್ಚರೈಸರ್ ಬೇಕು. ದಿನಕ್ಕೆ ಸುಮಾರು 14 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಟೇಬಲ್ ಚಮಚ. 50 ಗ್ರಾಂನ ಟ್ಯೂಬು ಮೂರೂವರೆ ದಿನಕ್ಕೆ ಮುಗಿಯಬೇಕು. ಅದೇ ಟ್ಯೂಬು ತಿಂಗಳು ಬಂದಿದ್ದರೆ ಹಚ್ಚಿದ್ದು ಬೇಕಾದ್ದರಲ್ಲಿ ಎಂಟನೇ ಒಂದು ಪಾಲು. ಆಮೇಲೆ ‘ಈ ಬ್ರ್ಯಾಂಡ್ ಕೆಲಸ ಮಾಡಲಿಲ್ಲ’ ಎಂದು ಇನ್ನೂ ದುಬಾರಿ, ಇನ್ನೂ ಚಿಕ್ಕ ಟ್ಯೂಬು ಮನೆಗೆ ಬರುತ್ತದೆ. ಎಂಆರ್‌ಪಿಯನ್ನು ಗ್ರಾಂನಿಂದ ಭಾಗಿಸಿ, ತಿಂಗಳಿಗೆ 400 ಗ್ರಾಂ ಎಂದು ಗುಣಿಸಿ ನೋಡಿ. ಆ ಮೊತ್ತ ಭಾರ ಅನಿಸಿದರೆ ಆ ಡಬ್ಬಿ ನಿಮ್ಮದಲ್ಲ, ಎಷ್ಟೇ ಒಳ್ಳೆಯದಿರಲಿ.

ಇನ್ನು ಶೆಲ್ಫಿಗೆ ಬರೋಣ.

ವ್ಯಾಸಲೀನ್, ಅಂದರೆ ಬರೀ ಪೆಟ್ರೋಲಿಯಂ ಜೆಲ್ಲಿ, ನಮ್ಮ ಪಟ್ಟಿಯಲ್ಲಿ ಮೇಲಿದೆ. ನೀರಿನಂಶ ಇಲ್ಲದ್ದರಿಂದ ಪ್ರಿಸರ್ವೇಟಿವ್ ಬೇಕಿಲ್ಲ, ಒಡೆದ ಚರ್ಮಕ್ಕೆ ಹಚ್ಚಿದರೂ ಉರಿಯುವುದು ತೀರ ಅಪರೂಪ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಇದು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರದಂತೆ ಮುಚ್ಚುತ್ತದೆ. ಆದ್ದರಿಂದ ಒಣ ಮೈಗೆ ಹಚ್ಚಿದರೆ ಪ್ರಯೋಜನ ಕಡಿಮೆ. ಸ್ನಾನವಾದ ತಕ್ಷಣ ಹಸಿ ಮೈಗೆ ಹಚ್ಚಬೇಕು. ದೋಷಗಳೂ ಇವೆ. ಬಟ್ಟೆಗೆ ಜಿಡ್ಡು ಹಿಡಿಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಸೆಖೆಯಲ್ಲಿ ಡಬ್ಬಿಯೊಳಗೇ ಕರಗಿ ಎಣ್ಣೆಯಂತಾಗುತ್ತದೆ, ಕತ್ತಿನ ಮಡಿಕೆಯಲ್ಲಿ ದಪ್ಪಗೆ ಬಳಿದರೆ ಬೆವರುಸಾಲೆ ಏಳುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ಒಣ ಚಳಿಗೆ ಇದಕ್ಕೆ ಸಾಟಿಯಿಲ್ಲ. ಕೊಳ್ಳುವಾಗ ಸಾದಾ ‘ಒರಿಜಿನಲ್’ ಡಬ್ಬಿಯನ್ನೇ ಕೇಳಿ. ಅದೇ ಬ್ರ್ಯಾಂಡಿನ ಕೋಕೋ, ಅಲೋವೆರಾ ಬಗೆಗಳು ಇಸುಬಿಗೆ ಬೇಡ.

ಸೆಟಾಫಿಲ್ ವಿಷಯದಲ್ಲಿ ಗೊಂದಲ ಹೆಚ್ಚು. ‘ಸೆಟಾಫಿಲ್ ಬೇಬಿ’ ಲೋಷನ್ನಿನಲ್ಲಿ ಕ್ಯಾಲೆಂಡುಲಾ ಇದೆ, ಪರಿಮಳವೂ ಇದೆ. ಆರೋಗ್ಯವಾದ ಚರ್ಮಕ್ಕೆ ತೊಂದರೆಯಿಲ್ಲ, ಇಸುಬಿನ ಚರ್ಮಕ್ಕೆ ಪರಿಮಳ ಕೆರಳಿಸುವ ವಸ್ತು. ಒಣ ಚರ್ಮ, ಅಟೋಪಿಕ್ (ಇಸುಬಿನ) ಚರ್ಮಕ್ಕೆಂದೇ ಅದೇ ಕಂಪನಿ ಮಾಡುವ ಬೇರೆ ಸಾಲಿದೆ, ಕೊಳ್ಳುವುದಾದರೆ ಅದು. ಸೆಬಾಮೆಡ್ ಬೇಬಿ, ಜಾನ್ಸನ್ಸ್, ನಮ್ಮ ಬೆಂಗಳೂರಿನದೇ ಆದ ಹಿಮಾಲಯದ ಬೇಬಿ ಲೋಷನ್ ಇವಕ್ಕೂ ಇದೇ ಮಾತು: ಮೃದುವಾಗಿವೆ, ಘಮಘಮ ಎನ್ನುತ್ತವೆ, ಆ ಘಮಲಿನ ಕಾರಣಕ್ಕೇ ನಮ್ಮ ಪಟ್ಟಿಯಿಂದ ಹೊರಗೆ. ‘ಬೇಬಿ’ ಎಂಬ ಪದ ಮಾರಾಟಕ್ಕೆ ಬರೆದದ್ದು, ಇಸುಬಿಗೆ ಹೊಂದುತ್ತದೆ ಎಂಬ ಖಾತರಿಯಲ್ಲ. ‘ಅನ್‌ಸೆಂಟೆಡ್’ ಎಂದಿದ್ದರೂ ನಂಬಬೇಡಿ, ವಾಸನೆ ಮುಚ್ಚಲು ಬೇರೆ ಪರಿಮಳ ಬೆರೆಸಿರಬಹುದು. ಡಬ್ಬಿ ತಿರುಗಿಸಿ, ಹಿಂಬದಿಯ ಸಣ್ಣಕ್ಷರದಲ್ಲಿ ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಇದೆಯೇ ಓದಿ. ಸಾಮಾನ್ಯವಾಗಿ ಪಟ್ಟಿಯ ಕೊನೆಯ ಸಾಲುಗಳಲ್ಲೇ ಅಡಗಿರುತ್ತದೆ.

ಅವೀನೋ ಬೇಬಿಯ ಓಟ್ಸ್ ಲೋಷನ್‌ನಲ್ಲಿ ಪರಿಮಳವಿಲ್ಲ. ಕಲ್ಲಾಯ್ಡಲ್ ಓಟ್‌ಮೀಲ್, ಅಂದರೆ ನುಣ್ಣಗೆ ಅರೆದ ಓಟ್ಸ್, ತುರಿಕೆ ತಗ್ಗಿಸುತ್ತದೆ ಎಂಬುದಕ್ಕೆ ಆಧಾರವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲೇ ಅದನ್ನು ಚರ್ಮರಕ್ಷಕ ವಸ್ತುವೆಂದು ಒಪ್ಪಿದೆ. ತೆಳುವಾಗಿ ಬೇಗ ಹರಡುವುದರಿಂದ ಬೇಸಿಗೆಗೂ ಹಗಲಿಗೂ ಹೊಂದುತ್ತದೆ. ಬೆಲೆ ಮಾತ್ರ ಕೈ ಬಿಗಿಹಿಡಿಸುತ್ತದೆ. ಸೆರಾವೇಯ ಮಾಯಿಶ್ಚರೈಸಿಂಗ್ ಕ್ರೀಮ್ ಕೂಡ ಪರಿಮಳರಹಿತ, ಚರ್ಮದಲ್ಲೇ ಇರುವ ಕೊಬ್ಬಿನಂಶವಾದ ಸೆರಾಮೈಡ್ ಮೂರು ಬಗೆಯದು ಇದೆ. ಹಿಂದೆ ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬರುತ್ತಿದ್ದ ಡಬ್ಬಿ ಈಗ ಇಲ್ಲೇ ಸಿಗುತ್ತದೆ. ಒಳ್ಳೆಯದೇ, ಆದರೆ ಸೆರಾಮೈಡ್ ಇದ್ದ ಮಾತ್ರಕ್ಕೆ ಸಾದಾ ಕ್ರೀಮಿನ ಮೂರು ಪಟ್ಟು ಕೊಡುವಷ್ಟು ಹೆಚ್ಚುಗಾರಿಕೆ ನಮಗೆ ಕಾಣುವುದಿಲ್ಲ. ವೈಟ್ ಸಾಫ್ಟ್ ಪ್ಯಾರಾಫಿನ್ ಮತ್ತು ಲಿಕ್ವಿಡ್ ಪ್ಯಾರಾಫಿನ್ ಬೆರೆತ ಸಾದಾ ಕ್ರೀಮುಗಳನ್ನು ವೈದ್ಯರ ಚೀಟಿಯಲ್ಲಿ ನೋಡಿರುತ್ತೀರಿ. ಅಂದದ ಡಬ್ಬಿಯಿಲ್ಲ, ಜಾಹೀರಾತಿಲ್ಲ, ಕೆಲಸ ಮಾಡುತ್ತವೆ. ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಇರುವ ಕ್ರೀಮುಗಳು ದೊಡ್ಡವರ ಒಡೆದ ಹಿಮ್ಮಡಿಗೆ. ಕೂಸಿನ ಇಸುಬಿಗೆ ಹಚ್ಚಿದರೆ ಕಿರುಚಿ ಅಳುವಷ್ಟು ಉರಿಯುತ್ತದೆ. ಅಂಗಡಿಯಲ್ಲಿ ‘ಒಣ ಚರ್ಮಕ್ಕೆ’ ಎಂದು ಕೇಳಿದರೆ ಇವೇ ಕೈಗೆ ಬರಬಹುದು, ಎಚ್ಚರ.

ಕೊಬ್ಬರಿ ಎಣ್ಣೆಯನ್ನು ಪೂರ್ತಿ ತಳ್ಳಿಹಾಕುವವರು ಇದ್ದಾರೆ, ನಾವು ಹಾಕುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಜಿನ್ ಕೊಬ್ಬರಿ ಎಣ್ಣೆ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಆ ಮಕ್ಕಳೆಲ್ಲ ಒಂದು ವರ್ಷ ದಾಟಿದವರು ಎಂಬುದು ನೆನಪಿರಲಿ. ನಮ್ಮಲ್ಲಿ ತಪ್ಪುವುದು ಹಚ್ಚುವ ಕ್ರಮದಲ್ಲಿ: ಸ್ನಾನಕ್ಕೆ ಮೊದಲು ತಿಕ್ಕಿ, ಆಮೇಲೆ ಸೀಗೆಪುಡಿ ಹಾಕಿ ಪೂರ್ತಿ ತೆಗೆದುಬಿಟ್ಟರೆ ಚರ್ಮದಲ್ಲಿ ಏನೂ ಉಳಿಯುವುದಿಲ್ಲ. ಸ್ನಾನದ ನಂತರ ಹಚ್ಚಿ ಬಿಡಿ. ಆಲಿವ್ ಎಣ್ಣೆ, ಸಾಸಿವೆ ಎಣ್ಣೆ ಚರ್ಮದ ಪದರವನ್ನೇ ಸಡಿಲಿಸುತ್ತವೆ, ಬೇಡ. ಕರ್ಪೂರ ಬೆರೆಸಿದ ಎಣ್ಣೆಯಂತೂ ಕೂಸಿನ ಹತ್ತಿರವೂ ಸುಳಿಯಬಾರದು. ಕರ್ಪೂರ ಮೈಗೆ ಸೇರಿದರೆ ಫಿಟ್ಸ್ ಬರಬಹುದು.

ಸೋಪಿನ ವಿಚಾರ ಚುಟುಕಾಗಿ: ಮಾಮೂಲಿ ಸೋಪುಗಳ ಪಿಎಚ್ 9ರಿಂದ 10, ಚರ್ಮದ್ದು ಸುಮಾರು 5.5. ಗಂಧದ ಸೋಪು ಎಷ್ಟೇ ಹೆಮ್ಮೆಯದಾದರೂ ಈ ಕೂಸಿಗಲ್ಲ. ಟೆಡಿಬಾರ್‌ನಂಥ ಸಿಂಡೆಟ್ ಬಾರ್ (ಸೋಪಿಲ್ಲದ, ಸೌಮ್ಯವಾದ ತೊಳೆಯುವ ಬಿಲ್ಲೆ) ಇದಕ್ಕಿಂತ ಮೇಲು, ಅದೂ ಕಂಕುಳು, ತೊಡೆಸಂದಿ, ಕುಂಡೆಗೆ ಮಾತ್ರ. ಉಳಿದ ಮೈಗೆ ನೀರು ಸಾಕು. ಕಡಲೆಹಿಟ್ಟು, ಹೆಸರುಹಿಟ್ಟಿಗೆ ಎರಡು ಆಕ್ಷೇಪ. ತರಿತರಿ ಹಿಟ್ಟು ಒಡೆದ ಚರ್ಮವನ್ನು ಇನ್ನಷ್ಟು ಕೆರೆಯುತ್ತದೆ. ಜೊತೆಗೆ ಆಹಾರದ ಪ್ರೋಟೀನು ಬಾಯಿಗಿಂತ ಮೊದಲು ಒಡೆದ ಚರ್ಮದ ಮೂಲಕ ಒಳಹೊಕ್ಕರೆ ಅದಕ್ಕೇ ಅಲರ್ಜಿ ಬೆಳೆಯುವ ಸಾಧ್ಯತೆ ಇದೆ.

ಎರೆಯುವ ಪದ್ಧತಿಯನ್ನು ಬಿಡಬೇಕಿಲ್ಲ, ಬದಲಿಸಿಕೊಂಡರೆ ಸಾಕು. ಹಬೆಯಾಡುವ ನೀರು ಬೇಡ. ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನಿಸಬೇಕು. ಐದರಿಂದ ಹತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಹಳೆಯ ಪಂಚೆಯ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಮೈ ಇನ್ನೂ ತೇವವಿರುವಾಗ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಬೀಳಬೇಕು. ಡಬ್ಬಿಯೊಳಗೆ ಬೆರಳು ಹಾಕಬೇಡಿ, ಬ್ಯಾಕ್ಟೀರಿಯಾ ಸೇರುತ್ತದೆ. ತೊಳೆದು ಒಣಗಿಸಿದ ಚಮಚದಲ್ಲಿ ತೆಗೆದು ತಟ್ಟೆಗೆ ಹಾಕಿಕೊಳ್ಳಿ. ರೋಮ ಬೆಳೆದ ದಿಕ್ಕಿಗೆ ಮೇಲಿನಿಂದ ಕೆಳಕ್ಕೆ ನೀವಿ. ಗರಗರ ತಿಕ್ಕಿದರೆ ರೋಮದ ಬುಡ ಕಟ್ಟಿಕೊಂಡು ಸಣ್ಣ ಗುಳ್ಳೆ ಏಳುತ್ತವೆ. ಹಚ್ಚಿದ ಮೇಲೆ ಚರ್ಮ ಹೊಳೆಯುತ್ತಿರಬೇಕು, ಅದೇ ಸರಿಯಾದ ಪ್ರಮಾಣದ ಗುರುತು. ಬಾಯಿಯ ಸುತ್ತ ಜೊಲ್ಲಿನಿಂದ ಕೆಂಪಾಗುವ ಮಕ್ಕಳಿಗೆ ರಾಗಿ ಸರಿ ತಿನ್ನಿಸುವ ಮೊದಲು ತುಟಿಯ ಸುತ್ತ ಪೆಟ್ರೋಲಿಯಂ ಜೆಲ್ಲಿ ಸವರಿ, ಆಮೇಲೆ ಮೆತ್ತಗೆ ಒರೆಸಿ.

ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವ ಮನೆಗಳಿಗೆ ಒಂದು ಮಾತು. ಹೊಗೆ ಇಸುಬನ್ನೂ ಉಸಿರನ್ನೂ ಕೆರಳಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೆಂಕಿ: ಪ್ಯಾರಾಫಿನ್, ಪೆಟ್ರೋಲಿಯಂ ಜೆಲ್ಲಿ ಹೀರಿದ ಬಟ್ಟೆ, ಹೊದಿಕೆ ಕಿಡಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಒಗೆದರೂ ಅಂಶ ಪೂರ್ತಿ ಹೋಗುವುದಿಲ್ಲ. ಕೆಂಡದ ಮೇಲೆ ಕೂಸನ್ನು ಹಿಡಿಯುವುದು ಇಲ್ಲಿಗೆ ನಿಲ್ಲಲಿ.

ದುಡ್ಡು ಉಳಿಸುವ ಸುದ್ದಿಯೂ ಇದೆ. ಸ್ನಾನದ ನೀರಿಗೆ ಬೆರೆಸುವ, ಚರ್ಮ ಮೆತ್ತಗಾಗಿಸುವ ಬಾತ್ ಎಮೋಲಿಯಂಟ್ ಬೇಡ: 482 ಮಕ್ಕಳ ಮೇಲೆ ನಡೆದು 2018ರಲ್ಲಿ ಬಂದ ಅಧ್ಯಯನದಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟುಗಳಲ್ಲಿ ವಾಟರ್ ಸಾಫ್ಟ್‌ನರ್ ಮಾರುವವರು ಇಸುಬಿನ ಮಾತೆತ್ತುತ್ತಾರೆ. ಗಡಸು ನೀರು ಇರುವ ಕಡೆ ಇಸುಬು ಹೆಚ್ಚು ಕಾಣುತ್ತದೆ ನಿಜ, ಆದರೆ 336 ಮಕ್ಕಳ ಮನೆಗಳಲ್ಲಿ ಪರೀಕ್ಷಿಸಿದ 2011ರ ಅಧ್ಯಯನದಲ್ಲಿ ಸಾಫ್ಟ್‌ನರ್ ಹಾಕಿದ್ದಕ್ಕೆ ಇಸುಬು ಇಳಿಯಲಿಲ್ಲ. ರೇಷ್ಮೆ ನಾಡಿನವರಿಗೆ ಬೇಸರವಾಗಬಹುದು, ಇಸುಬಿಗೆಂದೇ ಮಾಡಿದ ರೇಷ್ಮೆ ಉಡುಪಿನದೂ ಅದೇ ಕಥೆ, 2017ರಲ್ಲಿ 300 ಮಕ್ಕಳ ಅಧ್ಯಯನ. ಮೆತ್ತಗಿನ ಹತ್ತಿ ಸಾಕು. ಉಣ್ಣೆಯ ಕುಲಾವಿ ಹಾಕುವುದಾದರೆ ಒಳಗೊಂದು ಹತ್ತಿ ಟೋಪಿ ಇರಲಿ. ಬಾಣಂತಿ ಬದನೆಕಾಯಿ ತಿಂದದ್ದಕ್ಕೆ ನಂಜಾಯಿತು ಎಂದು ಅವಳ ಊಟ ಕಟ್ಟುಮಾಡುವುದೂ ಬೇಡ. ವೈದ್ಯರು ಹೇಳದೆ ತಾಯಿಯ ಪಥ್ಯದಿಂದ ಕೂಸಿನ ಇಸುಬು ಇಳಿಯುವುದಿಲ್ಲ, ತಾಯಿ ಮಾತ್ರ ಇಳಿದುಹೋಗುತ್ತಾಳೆ.

ಮಾಯಿಶ್ಚರೈಸರ್ ಎಷ್ಟೇ ಹಚ್ಚಿದರೂ ಕೆಂಪು ಇಳಿಯದಿದ್ದರೆ ಉರಿಯೂತ ಇಳಿಸುವ ಸ್ಟೆರಾಯ್ಡ್ ಕ್ರೀಮ್ ಬೇಕಾಗುತ್ತದೆ, ಹೆದರಿ ಮುಂದೂಡಬೇಡಿ. ಕೂಸಿನ ಮುಖಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಶೇ. 1ರ ಹೈಡ್ರೋಕಾರ್ಟಿಸೋನ್ ಅಥವಾ ಅಂಥದೇ ಸೌಮ್ಯ ಔಷಧ, ಕೆಲವೇ ದಿನಕ್ಕೆ. ಅಳತೆ ಬೆರಳ ತುದಿಯದು: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಮೂರರಿಂದ ಆರು ತಿಂಗಳ ಕೂಸಿಗೆ ಇಡೀ ಮುಖ ಮತ್ತು ಕತ್ತಿಗೆ ಅಂಥದೊಂದು, ಒಂದು ಕೈಗೆ ಒಂದು, ಒಂದು ಕಾಲಿಗೆ ಒಂದೂವರೆ. ಕೆಂಪಾದ ಜಾಗಕ್ಕೆ ಮಾತ್ರ, ಮಾಯಿಶ್ಚರೈಸರ್‌ಗೂ ಇದಕ್ಕೂ ಕನಿಷ್ಠ ಕಾಲು ಗಂಟೆ ಅಂತರವಿಟ್ಟು. ಬೇಗ ಬಿಟ್ಟರೆ ಇಸುಬು ಮರಳಬಹುದು. ಒರಟು ಹೋಗಿ ನುಣುಪಾಗುವವರೆಗೆ, ವೈದ್ಯರು ಹೇಳಿದಷ್ಟು ದಿನ ಹಚ್ಚಿ.

ನಿಜವಾಗಿ ಹೆದರಬೇಕಾದ್ದು ಚೀಟಿಯಿಲ್ಲದೆ ಕೌಂಟರಿನಲ್ಲಿ ಸಿಗುವ ‘ಎಲ್ಲ ತುರಿಕೆಗೂ ಒಂದೇ’ ಟ್ಯೂಬಿಗೆ. ಅದರ ಮೇಲೆ ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಎಂಬ ಪ್ರಬಲ ಸ್ಟೆರಾಯ್ಡ್, ಜೊತೆಗೆ ನಿಯೋಮೈಸಿನ್ (ಆಂಟಿಬಯಾಟಿಕ್), ಮೈಕೊನಾಜೋಲ್ (ಶಿಲೀಂಧ್ರದ ಔಷಧ) ಎಂದು ಸಾಲಾಗಿ ಬರೆದಿದ್ದರೆ ಹಾಗೇ ವಾಪಸ್ ಕೊಡಿ. ಎರಡೇ ದಿನದಲ್ಲಿ ಕೆನ್ನೆ ತಿಳಿಯಾಗುತ್ತದೆ, ಅದಕ್ಕೇ ಮತ್ತೆ ಮತ್ತೆ ತರುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತವೆ. ಕೂಸಿನ ಮೈಗೆ ಹೀರಿಕೊಳ್ಳುವ ಪ್ರಮಾಣವೂ ದೊಡ್ಡವರಿಗಿಂತ ಹೆಚ್ಚು, ಬೆಳವಣಿಗೆಗೂ ಪೆಟ್ಟು ಬೀಳಬಹುದು.

ಇಸುಬಿನ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ, ಕೀವು ತುಂಬಿದರೆ, ಜ್ವರ ಬಂದರೆ ಕ್ರೀಮು ಬದಲಿಸುತ್ತ ಕೂರಬೇಡಿ. ಒಂದೇ ಅಳತೆಯ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಪಂಚ್ ಹೊಡೆದಂತೆ ದುಂಡನೆಯ ಹುಣ್ಣಾದರೆ ಅದು ಹರ್ಪಿಸ್ ಸೋಂಕಿರಬಹುದು. ಕೂಸು ಹಾಲು ಬಿಟ್ಟು ಮಂಕಾಗಿದ್ದರಂತೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮೈಗೆ ಏನೇನು ಹಚ್ಚಿದ್ದೀರೋ ಆ ಟ್ಯೂಬು, ಡಬ್ಬಿಗಳೂ ಜೊತೆಗಿರಲಿ.